ಎರಡರಲ್ಲಿ ಉಳಿದ ಒಂದು ಗಿಳಿಯನ್ನು ವಸತಿಗೃಹದಲ್ಲೇ ಇರಿಸಿಕೊಳ್ಳುವ ಬಗ್ಗೆ

ಇಂದ,
ಕೆ. ನೀಲಾವತಿ,
ಹೆರಿಗೆ ದಾದಿ, ಸರ್ಕಾರಿ ಔಷಧಾಲಯ,
ಬಾಳೆಗುಂಡಿ, ವಿರಾಜಪೇಟೆ ತಾಲ್ಲೂಕು,
ಕೊಡಗು ಜಿಲ್ಲೆ, ಮೈಸೂರು ರಾಜ್ಯ.

ಗೆ,
ಮಾನ್ಯ ತನಿಖಾ ವೈದ್ಯಾಧಿಕಾರಿಗಳು,
(ಕ್ಯಾಂಪು ಎಲ್ಲಿದೆಯೋ ಅಲ್ಲಿಗೆ)

ದಿನಾಂಕ: 14-10-1961

ವಿಷಯ: ಔಷಧಾಲಯದ ವಸತಿಗೃಹದ ಹಿಂದಿನ ಜಗಲಿಯಲ್ಲಿರುವ ಗಿಳಿಗೆ ಅಲ್ಲಿಯೇ ಇರಲು ಅನುಮತಿ ಕೋರಿ.

ಉಲ್ಲೇಖ: 1) ತಾವು ದಿನಾಂಕ 26-9-1961ರಂದು ನಡೆಸಿದ ತನಿಖೆ.
2) ಅದೇ ದಿನ ತಮ್ಮ ಬೆರಳಿಗೆ ಆದ ಗಾಯ.
3) ತಮ್ಮ ಮೆಮೊ, ದಿನಾಂಕ 3-10-1961.

ಮಾನ್ಯರೇ,

ಉಲ್ಲೇಖ ಮೂರರ ಮೆಮೊದಲ್ಲಿ, ವಸತಿಗೃಹದಲ್ಲಿ ಸಾಕಿರುವ ಎರಡು ಗಿಳಿಗಳನ್ನು ಹತ್ತು ದಿನದೊಳಗೆ ತೆರವು ಮಾಡಿ ವರದಿ ಸಲ್ಲಿಸತಕ್ಕದ್ದು ಎಂದು ಆದೇಶವಾಗಿದೆ. ಅವಧಿ ನಿನ್ನೆಗೆ ಮುಗಿಯಿತು. ಒಂದು ಗಿಳಿ ತೆರವಾಗಿದೆ. ಇನ್ನೊಂದು ಆಗಿಲ್ಲ. ಆಗದಿರುವುದಕ್ಕೆ ಕಾರಣಗಳನ್ನು ಕೆಳಗೆ ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಬೇಕು. ಅರ್ಧಕ್ಕೆ ಬಿಟ್ಟರೆ ನಾನು ಹಕ್ಕಿ ಸಾಕುವ ಶೋಕಿಗೆ ಬಿದ್ದವಳು ಎಂದು ತೋರುತ್ತದೆ.

1. ಔಷಧಾಲಯದಿಂದ ಒಂದು ಮೈಲು ದೂರದ ಕಾಫಿ ತೋಟದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಮುತ್ತಿ ಎಂಬ ಹೆಂಗಸು ಇದ್ದಾಳೆ. ವಯಸ್ಸು ಸುಮಾರು ಇಪ್ಪತ್ತೆರಡು. ಗಂಡ ಸಣ್ಣಸ್ವಾಮಿ. ಇಬ್ಬರೂ ಹೆಗ್ಗಡದೇವನಕೋಟೆ ಕಡೆಯಿಂದ ತೋಟದ ಕೆಲಸಕ್ಕೆ ಬಂದವರು. ಇದೇ ಫೆಬ್ರವರಿ 11ರಂದು ಆಕೆಗೆ ಚೊಚ್ಚಲ ಹೆರಿಗೆ. ನನಗೆ ಕರೆ ಬಂದದ್ದು ನೋವು ಶುರುವಾದ ಎರಡನೆಯ ದಿನ. ಒಂಬತ್ತು ತಿಂಗಳಲ್ಲಿ ಒಂದು ಸಲವೂ ಆಕೆ ಪರೀಕ್ಷೆಗೆ ಬಂದಿರಲಿಲ್ಲ. ಅವಳ ತಾಯಿ ಎಲ್ಲೋ ಆಸ್ಪತ್ರೆಗೆ ಸೇರಿ ಹಿಂತಿರುಗದ ಕಾರಣ, ನಮ್ಮ ಗೇಟಿನ ಮುಂದೆ ಹಾದು ಹೋಗಬೇಕಾದರೂ ರಸ್ತೆಯ ಆಚೆ ಬದಿಗೆ ಸರಿದು ನಡೆಯುತ್ತಿದ್ದಳು.

ಗಂಡು ಮಗು. ತೂಕ ಆರೂವರೆ ಪೌಂಡು. ಉಸಿರಾಡಲಿಲ್ಲ. ನಾನು ನಲವತ್ತು ನಿಮಿಷ ಪ್ರಯತ್ನ ಮಾಡಿದೆ. ಸತ್ತು ಹುಟ್ಟಿದ್ದಕ್ಕೆ ರಿಜಿಸ್ಟರಿನಲ್ಲಿ ಒಂದು ಕಾಲಂ ಇದೆ, ತುಂಬಿದ್ದೇನೆ. ನಲವತ್ತು ನಿಮಿಷಕ್ಕೆ ಕಾಲಂ ಇಲ್ಲ.

2. ಹೆರಿಗೆಯಾದ ಹತ್ತು ದಿನ ಬಾಣಂತಿಯನ್ನು ನೋಡಿ ಬರುವುದು ನನ್ನ ಕೆಲಸವಾದ್ದರಿಂದ ದಿನವೂ ಹೋದೆ. ಮುತ್ತಿ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಸಣ್ಣಸ್ವಾಮಿ ಬೆಳಿಗ್ಗೆ ಗಂಜಿ ಇಟ್ಟು ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ಬಂದು ಅದೇ ಗಂಜಿಯನ್ನು ಹೊರಗೆ ಚೆಲ್ಲುತ್ತಿದ್ದ. ಹಾಲು ಕಟ್ಟಿ ಜ್ವರ ಬಂತು. ಎದೆಗೆ ಬಟ್ಟೆ ಬಿಗಿದೆ, ಮಾತ್ರೆ ಕೊಟ್ಟೆ. ಊಟ ಮಾಡು ಎಂದೆ. ಕೇಳಿಸಿದ ಹಾಗೆ ಕಾಣಲಿಲ್ಲ. ಹನ್ನೆರಡು ವರ್ಷದ ಸೇವೆಯಲ್ಲಿ ನಾನು ಕಲಿತದ್ದು ಇಷ್ಟೇ ಆದ ಕಾರಣ, ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ.

3. ಫೆಬ್ರವರಿ 20ರಂದು ಮಧ್ಯಾಹ್ನ ಸಣ್ಣಸ್ವಾಮಿ ಔಷಧಾಲಯದ ಮೆಟ್ಟಿಲ ಮೇಲೆ ಕೂತು ತಲೆಯ ಟವಲನ್ನು ಬಿಚ್ಚಿದ. ಒಳಗೆ ಮೂರು ಗಿಳಿಮರಿ. ಮೈಮೇಲೆ ಪುಕ್ಕವಿಲ್ಲ, ಕಣ್ಣು ಬಿಟ್ಟಿಲ್ಲ.

"ಒಣಗ್ದ ಮರ ಕಡೀತಿದ್ವಿ ನರ್ಸಮ್ಮ. ಪೊಟರೇಲಿ ಇದ್ದೋ. ಮರ ಬಿದ್ಮೇಲೆ ಗೊತ್ತಾಯ್ತು."

"ಇದು ಹೆರಿಗೆ ನೋಡುವ ಜಾಗ ಸಣ್ಣಸ್ವಾಮಿ. ಹಕ್ಕಿ ನೋಡುವುದಿಲ್ಲ."

"ಎಳೇವನ್ನ ಇಲ್ಲೇ ತಾನೇ ನೋಡೋದು?" ಎಂದ.

ಎಳೆಯವುಗಳಲ್ಲಿ ಹಕ್ಕಿ ಸೇರುವುದಿಲ್ಲ ಎಂದು ನಿಯಮಾವಳಿಯಲ್ಲಿ ಎಲ್ಲೂ ಬರೆದಿಲ್ಲ. ಆದ್ದರಿಂದ ಮರಿಗಳನ್ನು ತೆಗೆದುಕೊಂಡೆ. ಸಂಜೆಯೊಳಗೆ ಒಂದು ಸತ್ತಿತು. ಇನ್ನೊಂದರ ಎಡ ರೆಕ್ಕೆ ಮುರಿದಿತ್ತು. ಸಣ್ಣ ಪಟ್ಟಿ ಕತ್ತರಿಸಿ ಕಟ್ಟಿದೆ. ಕೂಸಿನ ಕೈ ಕಟ್ಟಿ ಅಭ್ಯಾಸವಿದೆ, ರೆಕ್ಕೆ ಕಟ್ಟಿ ಅಭ್ಯಾಸವಿಲ್ಲದ ಕಾರಣ ಅದು ಓರೆಯಾಗಿ ಕೂಡಿಕೊಂಡಿತು. ಈ ತಪ್ಪು ನನ್ನದು.

4. ಸಾಕುವ ಕ್ರಮವನ್ನು ಕಂಪೌಂಡರ್ ನಾಣಯ್ಯನವರು ಹೇಳಿಕೊಟ್ಟರು. ಅವರ ಮನೆ ನನ್ನ ವಸತಿಗೃಹಕ್ಕೆ ಒತ್ತಿಕೊಂಡಿದೆ. "ರಾಗಿ ಅಂಬಲಿಗೆ ಹುರಿಗಡಲೆ ಹಿಟ್ಟು ಕಲಸಿ ಕೊಡಿ ಸಿಸ್ಟರ್. ಉಪ್ಪು ಹಾಕ್ಬೇಡಿ, ಸತ್ತು ಹೋಗ್ತದೆ. ಕತ್ತಿನ ಕೆಳಗೆ ಚೀಲ ಉಂಟಲ್ಲ, ಅದು ಖಾಲಿ ಆಗದೆ ಮತ್ತೆ ಕೊಡ್ಬೇಡಿ" ಎಂದರು. ಖಾಲಿಯಾಗುವುದು ಎರಡು ಗಂಟೆಗೊಮ್ಮೆ. ಹತ್ತಿ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ಬಿಸಿನೀರಿನ ಸೀಸೆಗೆ ಫ್ಲಾನೆಲ್ ಸುತ್ತಿ ಇಟ್ಟು, ಕಣ್ಣಿಗೆ ಔಷಧ ಹಾಕುವ ಗಾಜಿನ ಕೊಳವೆಯಿಂದ ಉಣಿಸಿದೆ. ಕೊಳವೆ ಬಿರುಕು ಬಿಟ್ಟಿದ್ದದ್ದು, ಉಪಯೋಗದಲ್ಲಿರಲಿಲ್ಲ.

5. ಫೆಬ್ರವರಿ 22ರಂದು ಬೆಳಿಗ್ಗೆ ಆರು ಮೈಲು ದೂರದ ಹೆರಿಗೆಗೆ ಕರೆ ಬಂತು. ನಾಣಯ್ಯನವರು ಔಷಧ ತರಲು ಪೇಟೆಗೆ ಹೋಗಿದ್ದರು. ಮರಿಗಳನ್ನು ಯಾರ ಹತ್ತಿರ ಬಿಡುವುದು? ದಾರಿಯಲ್ಲಿ ಸಿಗುವ ಮನೆಗಳ ಪೈಕಿ ಆ ಹೊತ್ತಿನಲ್ಲಿ ಜನರಿರುವ ಮನೆ ಮುತ್ತಿಯದೊಂದೇ. ಉಳಿದವರೆಲ್ಲ ಕಾಫಿ ಹಣ್ಣು ಬಿಡಿಸುವ ಪಿಕ್ಕಿಂಗಿಗೆ ಹೋಗಿದ್ದರು. ಇದನ್ನು ನಾನು ಯೋಚನೆ ಮಾಡಿ ಮಾಡಿದ ಉಪಕಾರವೆಂದು ಆಮೇಲೆ ಕೆಲವರು ಹೇಳಿದರು. ಹಾಗಲ್ಲ. ನನಗೆ ಅವಸರವಿತ್ತು. ಪೆಟ್ಟಿಗೆಯನ್ನು ಅವಳ ಬೆನ್ನ ಹಿಂದೆ ಇಟ್ಟು, ಅಂಬಲಿಯ ಬಟ್ಟಲೂ ಚಮಚವೂ ಪಕ್ಕದಲ್ಲಿಟ್ಟು, "ಎರಡು ಗಂಟೆಗೊಮ್ಮೆ ಒಂದು ಚಮಚ" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಹೊರಟೆ.

ಹಿಂತಿರುಗಿ ಬಂದಾಗ ಸಂಜೆ ನಾಲ್ಕು ಗಂಟೆ. ಎರಡೂ ಸತ್ತಿರುತ್ತವೆ ಎಂದುಕೊಂಡೇ ಬಾಗಿಲು ದೂಡಿದೆ. ಮುತ್ತಿ ಗೋಡೆಗೆ ಬೆನ್ನು ಮಾಡಿ ಕೂತಿದ್ದಳು. ಪೆಟ್ಟಿಗೆ ತೊಡೆಯ ಮೇಲಿತ್ತು. ನನ್ನನ್ನು ನೋಡಿದವಳೇ ಬೈದಳು.

"ಹಿಂಗಾ ನರ್ಸಮ್ಮ ಕೂಳಿಕ್ಕೋದು? ಗಂಟ್ಲಿಗೆ ಅಂಟ್ಕತದೆ. ನುಣ್ಗೆ ಮಾಡ್ಬೇಕು. ನಾನೇ ಅಗ್ದು ಅಗ್ದು ಕೊಟ್ಟೆ."

ಹೆರಿಗೆಯಾದ ಹನ್ನೊಂದು ದಿನಕ್ಕೆ ಅವಳು ಆಡಿದ ಮೊದಲ ಮಾತು ಇದು. ಅಂಬಲಿ ಬಿಸಿಯಿದೆಯೋ ಎಂದು ಮೊದಲು ತಾನು ತಿಂದು ನೋಡಿ, ಆಮೇಲೆ ಮರಿಗೆ ಕೊಡುತ್ತಿದ್ದಳು. ಮರಿಗೆ ಒಂದು ಚಮಚ, ನೋಡುವುದಕ್ಕೆ ಒಂದು ತುತ್ತು. ನಾನು ಬಿಟ್ಟು ಹೋಗಿದ್ದ ಬಟ್ಟಲು ಖಾಲಿಯಾಗಿತ್ತು. ಮರಿಗಳೆರಡೂ ಸೇರಿ ಅಷ್ಟು ತಿನ್ನಲಾರವು. ಆದ್ದರಿಂದ ಮರಿಗಳನ್ನು ಅವಳ ಹತ್ತಿರವೇ ಬಿಟ್ಟು, ಮರುದಿನ ಬಟ್ಟಲು ದೊಡ್ಡದು ಕೊಟ್ಟೆ.

6. ಲೈನಿನಲ್ಲಿ ಬೆಕ್ಕಿನ ಕಾಟವಿದ್ದ ಕಾರಣ, ಮಾರ್ಚಿ ತಿಂಗಳಲ್ಲಿ ಪುಕ್ಕ ಮೂಡಿದ ಮೇಲೆ ಮರಿಗಳನ್ನು ಔಷಧಾಲಯದ ಆವರಣದಲ್ಲೇ ಇರುವ ನನ್ನ ಜಗಲಿಗೆ ತಂದೆ. ಮುತ್ತಿ ಗೇಟಿನ ಹತ್ತಿರ ಎರಡು ದಿನ ನಿಂತಳು. ಮೂರನೆಯ ದಿನ ಒಳಗೆ ಬಂದಳು. ಅಂದಿನಿಂದ ತೋಟದ ಕೆಲಸ ಬಿಟ್ಟ ಮೇಲೆ ದಿನವೂ ನಾಲ್ಕು ಗಂಟೆಗೆ ಬರುತ್ತಾಳೆ. ಭಾನುವಾರ ಎರಡು ಸಲ.

ಸಣ್ಣಸ್ವಾಮಿ ಮಾಡಿಕೊಟ್ಟ ಬಿದಿರಿನ ಪಂಜರವನ್ನು ಗಿಳಿಗಳು ಒಂದೇ ದಿನದಲ್ಲಿ ಕಡಿದು ಹಾಕಿದವು. ನಾಣಯ್ಯನವರು ಮಾಂಸ ಇಡುತ್ತಿದ್ದ ತಮ್ಮ ಹಳೆಯ ಜಾಲರಿ ಪೆಟ್ಟಿಗೆಯನ್ನು ಕೊಟ್ಟರು. ಅದರಲ್ಲಿ ಸೀಬೆ ಕೊಂಬೆ ಕಟ್ಟಿ, ಕಚ್ಚಲು ದಿನವೂ ಹಸಿ ಕಡ್ಡಿ ಇಡುತ್ತೇವೆ. ಕೊಕ್ಕು ಬೆಳೆಯುತ್ತಲೇ ಇರುವುದರಿಂದ ಅದು ಅವಶ್ಯ. ಆಹಾರ ಭತ್ತದ ತೆನೆ, ಸೀಬೆ, ಹಣ್ಣು ಮೆಣಸಿನಕಾಯಿ. ಮಧ್ಯಾಹ್ನ ತಟ್ಟೆ ನೀರಿನಲ್ಲಿ ಸ್ನಾನ. ಮಳೆಗಾಲದಲ್ಲಿ ಶೀತಗಾಳಿ ತಗಲದ ಹಾಗೆ ನನ್ನ ಹಳೆಯ ಸೀರೆ. ಮಾತು ಬರುವುದಿಲ್ಲ. ಕಲಿಸಿಲ್ಲ.

ಗಟ್ಟಿ ರೆಕ್ಕೆಯದಕ್ಕೆ ಹೆಸರಿಲ್ಲ. ಓರೆ ರೆಕ್ಕೆಯದನ್ನು ಮುತ್ತಿ ಸೋಮಿ ಎಂದು ಕರೆಯುತ್ತಾಳೆ. ಕೂಸಿಗೆ ಇಡಬೇಕೆಂದಿದ್ದ ಹೆಸರು ಅದು ಎಂದು ಸಣ್ಣಸ್ವಾಮಿ ಒಂದು ದಿನ ತಾನಾಗಿಯೇ ಹೇಳಿದ. ನಾನು ಕೇಳಿರಲಿಲ್ಲ.

7. ತನಿಖೆಯ ದಿನದ ಬಗ್ಗೆ. ಗಿಳಿಗೆ ಬೆರಳು ತೋರಿಸಬಾರದೆಂದು ನಾಣಯ್ಯನವರು ಎರಡು ಸಲ, ನಾನು ಒಂದು ಸಲ ಹೇಳಿದೆವು. ತಾವು "ನನಗೆ ಗಿಳಿ ಗೊತ್ತು" ಎಂದಿರಿ. ಕಚ್ಚಿದ್ದು ಸೋಮಿ ಅಲ್ಲ, ಇನ್ನೊಂದು. ಟಿಂಚರ್ ಹಚ್ಚಿ ಪಟ್ಟಿ ಕಟ್ಟಿದ್ದನ್ನು ರಿಜಿಸ್ಟರಿನಲ್ಲಿ ಬರೆದಿದ್ದೇನೆ. ಆಗ ತಾವು ಇಂಗ್ಲಿಷಿನಲ್ಲಿ ಆಡಿದ ಮಾತನ್ನು ಎರಡು ಗಿಳಿಗಳೂ ಕಲಿತಿಲ್ಲವೆಂದು ಈ ಮೂಲಕ ಭರವಸೆ ಕೊಡುತ್ತೇನೆ.

8. ಮೆಮೊ ಬಂದ ಮೇಲೆ ಅದರ ವಿಷಯವನ್ನು ಮುತ್ತಿಗೆ ಹೇಳಲಿಲ್ಲ. "ದೊಡ್ಡವಾದವು, ಬಿಟ್ಟು ಬರುವ" ಎಂದಷ್ಟೇ ಹೇಳಿದೆ. ಅಕ್ಟೋಬರ್ 11ರಂದು ಸಂಜೆ ಇಬ್ಬರೂ ಪೆಟ್ಟಿಗೆಯನ್ನು ಹೊತ್ತು ತೋಟದ ಅಂಚಿನ ಅತ್ತಿಮರದ ಕೆಳಗೆ ಇಟ್ಟೆವು. ಮೇಲೆ ಗಿಳಿಗಳ ಹಿಂಡು ಹಣ್ಣು ತಿನ್ನುತ್ತಿತ್ತು. ಬಾಗಿಲು ತೆಗೆದ ಕೂಡಲೇ ತಮ್ಮನ್ನು ಕಚ್ಚಿದ್ದು ಹಾರಿ ಹಿಂಡಿಗೆ ಸೇರಿತು. ಹಿಂತಿರುಗಿ ನೋಡಿತು ಎಂದು ಬರೆಯಲು ಆಗುವುದಿಲ್ಲ. ಅಷ್ಟು ಗಿಳಿಗಳಲ್ಲಿ ಯಾವುದೆಂದು ಗುರುತೇ ಸಿಗಲಿಲ್ಲ.

ಸೋಮಿ ನಡೆದುಕೊಂಡು ಹೊರಗೆ ಬಂತು. ರೆಕ್ಕೆ ಬಡಿಯಿತು. ಒಂದು ಗೇಣು ಎದ್ದು ಪಕ್ಕಕ್ಕೆ ಬಿತ್ತು. ಮತ್ತೆ ಎದ್ದು, ಮತ್ತೆ ಬಿತ್ತು. ಮೂರನೆಯ ಸಲ ಪ್ರಯತ್ನ ಮಾಡದೆ ಮುತ್ತಿಯ ಸೀರೆ ಹಿಡಿದು ಕೊಕ್ಕಿನಿಂದ ಹತ್ತಿ ಹೆಗಲ ಮೇಲೆ ಕೂತಿತು. ಹಾರಲಾರದೆಂದು ನನಗೆ ಮೊದಲೇ ಗೊತ್ತಿತ್ತು. ಮೆಮೊ ಇದ್ದ ಕಾರಣ ಗೊತ್ತಿಲ್ಲದವಳ ಹಾಗೆ ನಿಂತಿದ್ದೆ.

"ಇರ್ಲಿ ಬುಡಿ ನರ್ಸಮ್ಮ," ಎಂದಳು ಮುತ್ತಿ. "ಇದ್ನ ಕಾಡ್ಗೆ ಬುಟ್ರೆ ಇವತ್ತೇ ಹಾವೋ ಹದ್ದೋ ತಿಂದ್ಕತದೆ. ಇದ್ಕೆ ನಿಮ್ಮನೇನೇ ಸರಿ."

9. ವಾಪಸು ಬರುವಾಗ ಖಾಲಿ ಪೆಟ್ಟಿಗೆಯನ್ನು ನಾನು ಹೊತ್ತಿದ್ದೆ. ಮುತ್ತಿ ಹಿಂದೆ ಬರುತ್ತಾ ಗಿಳಿಯ ಹತ್ತಿರ ಮಾತಾಡುತ್ತಿದ್ದಳು. ಅವಳು ಹೇಳಿದ್ದು ಗಿಳಿಗೆ, ನನಗಲ್ಲ. ಆದರೂ ಕಿವಿಗೆ ಬಿದ್ದ ಕಾರಣ ಬರೆಯುತ್ತಿದ್ದೇನೆ.

"ಹೂಮಳೆ ಹೊತ್ಗೆ ನಿಂಗೊಬ್ಳು ತಂಗಿ ಬತ್ತಾಳೆ ಕಣ್ಲಾ. ತಮ್ಮನೋ ಏನೋ. ಕಚ್ಬ್ಯಾಡ."

ಹೂಮಳೆ ಎಂದರೆ ಕಾಫಿ ಹೂ ಅರಳಿಸುವ ಮಾರ್ಚಿ-ಏಪ್ರಿಲಿನ ಮಳೆ. ಲೆಕ್ಕ ಹಾಕಿದರೆ ಈಗ ಮೂರು ತಿಂಗಳು ತುಂಬಿದೆ. ಇನ್ನೊಂದು ಹೆರುವುದಿಲ್ಲ ಎಂದು ಏಪ್ರಿಲಿನಲ್ಲಿ ನನ್ನ ಮುಂದೆಯೇ ಹೇಳಿದ್ದವಳು. ನಾನು ತಿರುಗಿ ನೋಡಲಿಲ್ಲ, ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಮರುದಿನ ಬರುತ್ತಿರಲಿಲ್ಲ.

10. ಆ ಬಳಿಕ ಮೂರು ದಿನ ಬಂದಿದ್ದಾಳೆ. ಅವಳು ಗಿಳಿಯ ಉಗುರು ನೋಡುತ್ತಿದ್ದಾಗ ನಾನು ಅವಳ ಪಾದ ನೋಡಿದೆ. ಬಾವು ಇಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ರಕ್ತ ಕಡಿಮೆ ಇದೆ. "ಸೋಮಿಗೆ ತೆನೆ ಕೊಟ್ಟ ಮೇಲೆ ನೀನೊಂದು ಮಾತ್ರೆ ನುಂಗು" ಎಂದೆ. ನುಂಗಿದಳು. ಇವತ್ತು ಹೊಟ್ಟೆ ಮುಟ್ಟಿ ನೋಡಲು ಬಿಟ್ಟಳು. ಗರ್ಭಿಣಿಯರನ್ನು ಆಹ್ವಾನಿಸುವ ಸರ್ಕಾರದ ಭಿತ್ತಿಪತ್ರವನ್ನು ಗೇಟಿಗೆ ಅಂಟಿಸಿ ಎರಡು ವರ್ಷವಾಯಿತು. ಆ ತೋಟದ ಲೈನಿನಿಂದ ಅದನ್ನು ನೋಡಿ ಬಂದವರು ಯಾರೂ ಇಲ್ಲ.

11. ಗಿಳಿಗಳ ಬೆಳಗಿನ ಗಲಾಟೆಯ ಬಗ್ಗೆ ತಮಗೆ ದೂರು ಕೊಟ್ಟವರು ನಾಣಯ್ಯನವರೇ. ಈಗ ಅವರನ್ನು ಕೇಳಿದಾಗ, "ನನಗೆ ಆಕ್ಷೇಪಣೆ ಉಂಟು ಸಿಸ್ಟರ್, ಆದ್ರೆ ಹಕ್ಕಿ ಇರ್ಲಿ" ಎಂದರು. ಇದನ್ನೇ ಬರೆದುಕೊಡಿ ಎಂದೆ. ಇದನ್ನೇ ಬರೆದುಕೊಟ್ಟಿದ್ದಾರೆ.

ಆದ್ದರಿಂದ, ಸದರಿ ಗಿಳಿಯು ಹಾರಲಾರದ ಕಾರಣ, ತಮ್ಮನ್ನು ಕಚ್ಚದ ಕಾರಣ, ಮತ್ತು ಒಬ್ಬ ಗರ್ಭಿಣಿ ತಾನಾಗಿ ಗೇಟು ದಾಟಿ ಬರಲು ಈ ಔಷಧಾಲಯದಲ್ಲಿ ಬೇರೆ ಯಾವ ಕಾರಣವೂ ಇಲ್ಲದ ಕಾರಣ, ಮುಂದಿನ ಏಪ್ರಿಲ್ ಕೊನೆಯವರೆಗಾದರೂ ಅದನ್ನು ಜಗಲಿಯಲ್ಲಿ ಇರಿಸಿಕೊಳ್ಳಲು ಅನುಮತಿ ಕೊಡಬೇಕು. ಸಾಕುಪಕ್ಷಿ ಎಂದು ಅನುಮತಿ ಕೊಡಲು ನಿಯಮ ಅಡ್ಡ ಬರುವುದಾದರೆ, ಔಷಧಾಲಯದ ಉಪಕರಣಗಳ ಪಟ್ಟಿಯಲ್ಲಿ ಕೂಸು ತೂಗುವ ತಕ್ಕಡಿಯ ಕೆಳಗೆ ಸೇರಿಸಲು ನನ್ನ ಅಭ್ಯಂತರವಿಲ್ಲ.

ಇಂತಿ, ತಮ್ಮ ವಿಶ್ವಾಸಿಯೂ ಹಾಲಿ ಕರ್ತವ್ಯದ ಮೇಲಿರುವವಳೂ ಆದ,
(ಸಹಿ) ಕೆ. ನೀಲಾವತಿ

ಲಗತ್ತುಗಳು:
1. ತಮ್ಮ ಮೆಮೊದ ನಕಲು.
2. ಹೆರಿಗೆ ರಿಜಿಸ್ಟರಿನ ಫೆಬ್ರವರಿ 11ರ ಪುಟದ ನಕಲು.
3. ಕಂಪೌಂಡರ್ ನಾಣಯ್ಯನವರ ಆಕ್ಷೇಪಣೆ ಸಹಿತ ಒಪ್ಪಿಗೆ ಪತ್ರ.
4. ಮುತ್ತಿಯ ಗರ್ಭಿಣಿ ಪರೀಕ್ಷೆಯ ಚೀಟಿ (ಅವಳಿಗೆ ತಿಳಿಯದಂತೆ ತಯಾರಿಸಿದ್ದು).

ವಿಶೇಷ ಕೋರಿಕೆ: ಅನುಮತಿ ನಿರಾಕರಿಸುವುದಾದರೆ ಆದೇಶವನ್ನು ಅಂಚೆಯಲ್ಲಿ ಕಳುಹಿಸಬಾರದೆಂದು ಪ್ರಾರ್ಥನೆ. ಮುತ್ತಿಗೆ ಓದಲು ಬರುವುದಿಲ್ಲ. ಓದಲು ಬಾರದವರಿಗೆ ಆದೇಶವನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಪದ್ಧತಿ. ಆ ಕೆಲಸ ನನ್ನಿಂದ ಆಗುವುದಿಲ್ಲವಾದ್ದರಿಂದ ತಾವೇ ಬಂದು ಓದಿ ಹೇಳಬೇಕು. ಅವಳು ನಾಲ್ಕು ಗಂಟೆಗೆ ಬರುತ್ತಾಳೆ. ಕುರ್ಚಿ ಹಾಕಿಸಿರುತ್ತೇನೆ.