ಇನ್ನೊಂದು ಸಲ ಕೇಳದ ಫೆಲೋಶಿಪ್

ನಮ್ಮ ಕಡೆ ಮೊದಲು ಹೇಳುವ 'ಬೇಡ'ವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಕ್ಕಳೇ, ನಿಮ್ಮಲ್ಲಿ ಕೆಲವರು ಮೈಸೂರಿನಲ್ಲೇ ಹುಟ್ಟಿ ಬೆಳೆದವರು. ಇದನ್ನು ನಿಮಗೆ ಯಾರೂ ಹೇಳಿಕೊಟ್ಟಿರಲಾರರು, ಅದಕ್ಕೇ ನಾನು ಬರೆದಿಡುತ್ತಿದ್ದೇನೆ. ಯಾರದಾದರೂ ಮನೆಗೆ ಹೋದಾಗ ಕಾಫಿ ಕುಡಿಯುತ್ತೀರಾ ಎಂದು ಕೇಳಿದರೆ 'ಬೇಡ' ಅನ್ನಬೇಕು. ಅದು ನಮಸ್ಕಾರ ಹೇಳಿದ ಹಾಗೆ. ಅವರು 'ಅಯ್ಯೋ, ಒಂಚೂರು ಕುಡೀರಿ' ಅನ್ನುತ್ತಾರೆ. ಆಗ, ಕುಡಿದಿರದಿದ್ದರೂ, 'ಈಗ ತಾನೆ ಕುಡ್ಕಂಡು ಬಂದೆ' ಅನ್ನಬೇಕು. ನಾವು ಹೀಗೆ ಅನ್ನುತ್ತಿರುವಾಗಲೇ ಒಳಗೆ ನೀರು ಕುದಿಯುತ್ತಿರುತ್ತದೆ. ಅದು ಇಬ್ಬರಿಗೂ ಗೊತ್ತಿರುತ್ತದೆ. ಲೋಟ ಕೈಗೆ ಬಂದಾಗ 'ಇಷ್ಟೊಂದ್ ಯಾಕ್ ಆಕುದ್ರಿ' ಎಂದು ಗೊಣಗಿ ತಳ ಕಾಣುವವರೆಗೂ ಕುಡಿಯಬೇಕು. ಕೇಳಿದ ತಕ್ಷಣ 'ಹೂಂ, ಕೊಡಿ' ಅಂದವರನ್ನು ನಾನು ಈ ಜನ್ಮದಲ್ಲಿ ಒಬ್ಬರನ್ನೇ ನೋಡಿದ್ದೇನೆ. ಕರೆಂಟಿನ ಮೀಟರ್ ನೋಡಲು ಬಂದಿದ್ದವರು. ಅವರು ಯಾವ ಸೀಮೆಯವರೋ ಎಂದು ಹೊನ್ನೂರಿನ ನಮ್ಮ ಬೀದಿಯಲ್ಲಿ ಬಹಳ ದಿನ ಮಾತು ನಡೆಯಿತು.

ನನ್ನ ಕಷ್ಟವೆಂದರೆ, ನಾನು ಊರಿನವರೆಲ್ಲರಿಗಿಂತ ಹೆಚ್ಚು ನಾಚಿಕೆಯವಳು. ಬೇರೆಯವರು ಎರಡು ಸಲ ಬೇಡ ಅಂದು ನಿಲ್ಲಿಸಿದರೆ ನನಗೆ ಇನ್ನೊಂದು ಸಲ ಅನ್ನಬೇಕಾಗುತ್ತದೆ. ನಿಮ್ಮ ತಾತ ಇದ್ದಾಗ ಅಡ್ಡಿಯಿರಲಿಲ್ಲ. ನೆಂಟರ ಮನೆಯಲ್ಲಿ ನಾನು ತಲೆ ಅಲ್ಲಾಡಿಸಿದ ಕೂಡಲೇ ಅವರು, 'ಅವಳು ಅಂಗೇ ಅಂತಾಳೆ, ನೀವು ಬಡಿಸಿ' ಎನ್ನುತ್ತಿದ್ದರು. ಅವರು ಹೋದ ಮೇಲೆ ನಾನು ಅದೆಷ್ಟೋ ಮದುವೆ ಮನೆಗಳಿಂದ ಒಬ್ಬಟ್ಟಿಲ್ಲದೆ ಎದ್ದು ಬಂದಿದ್ದೇನೆ. ಗಂಡ ಸತ್ತ ಹೆಂಗಸಿನ ದುಃಖಗಳನ್ನು ಹೇಳುವವರು ಇದನ್ನು ಹೇಳುವುದಿಲ್ಲ.

ಒಬ್ಬಟ್ಟು ಹೋದರೆ ಹೋಗಲಿ, ಇನ್ನೊಂದು ಮದುವೆ ಬರುತ್ತದೆ. ಈ ಗುಣದಿಂದ ನಿಮ್ಮ ಪವಿತ್ರಕ್ಕನ ಓದೇ ನಿಂತುಹೋಗುವುದರಲ್ಲಿತ್ತು. ಪವಿತ್ರ ನನ್ನ ದೊಡ್ಡ ಮಗನ ಮಗಳು. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಪ್ರಾದೇಶಿಕ ಅಧ್ಯಯನ ಎಂಬ ವಿಭಾಗದಲ್ಲಿ ಸಂಶೋಧನೆಗೆ ಸೇರಿದ್ದಳು. ಪ್ರಾದೇಶಿಕ ಅಂದರೆ ಏನವ್ವಾ ಎಂದು ಕೇಳಿದೆ. ನಮ್ಮ ಸೀಮೆ ಅಜ್ಜಿ, ಅಂದಳು. ನಮ್ಮ ಸೀಮೆಯನ್ನು ತಿಳಿದುಕೊಳ್ಳಲು ಮೈಸೂರಿಗೆ ಹೋಗಬೇಕೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವಳ ವಿಷಯ ಸಂತೆ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ಕಡೆಯ ಸಂತೆಗಳಿಗೆ ಯಾರು ಯಾವ ಊರಿನಿಂದ ಬರುತ್ತಾರೆ, ಕನ್ನಡದಲ್ಲಿ ಶುರುವಾದ ಚೌಕಾಸಿ ಯಾವಾಗ ತಮಿಳಿಗೆ ತಿರುಗುತ್ತದೆ, ಬೆಟ್ಟದವರು ತಂದದ್ದನ್ನು ಕೆಳಗಿನವರು ಹೇಗೆ ಕೊಳ್ಳುತ್ತಾರೆ, ಇಂಥವೆಲ್ಲ.

ಪಕ್ಕದ ಮನೆಯ ಸಾಕಮ್ಮ ಇದನ್ನು ಕೇಳಿ, "ಸಂತೆಗೆ ಓಗಕೂ ದುಡ್ಡು ಕೊಡ್ತರಾ? ನಾನೂ ವಾರ್ವಾರ ಓಯ್ತೀನಲ್ಲ, ನನ್ಗೂ ಒಂದ್ ಅರ್ಜಿ ಬರ್ಕೊಡವ್ವ" ಅಂದಳು.

"ನೀನು ಸಂತೆಯಿಂದ ಬದನೇಕಾಯಿ ತರ್ತೀಯ ಸಾಕಜ್ಜಿ, ನಾನು ಮಾತು ತರ್ತೀನಿ" ಅಂದಳು ಪವಿತ್ರ.

"ಮಾತ್ನ ಸಾರ್ ಮಾಡಕ್ಕಾಯ್ತದಾ?"

ಸಾಕಮ್ಮ ಕೇಳಿದ್ದು ತಮಾಷೆಗೆ. ಆದರೆ ಪವಿತ್ರಳಿಗೆ ಎದುರಾಗಿದ್ದ ಪ್ರಶ್ನೆಯೂ ಅದೇ ಆಗಿತ್ತು. ಬಸ್ಸಿಗೆ, ರೂಮಿಗೆ, ಊಟಕ್ಕೆ ಎಲ್ಲಿಂದ ತರುವುದು? ನನ್ನ ಮಗ ಕಬ್ಬು, ಭತ್ತ ಬೆಳೆಯುವವನು. ಮಗಳನ್ನು ಎಂ.ಎ.ವರೆಗೆ ಓದಿಸಿದ್ದಾನೆ, ತಮ್ಮಂದಿರು ಇನ್ನೂ ಓದಬೇಕು. ಅವನು ಕೂಗಾಡಲಿಲ್ಲ. "ಈ ವರ್ಷ ನೋಡವ್ವ. ದಾರಿ ಆಗ್ನಿಲ್ಲ ಅಂದ್ರೆ ಜೂನ್‌ಗೆ ಕೊಳ್ಳೇಗಾಲದ ಇಸ್ಕೂಲಲ್ಲಿ ಟೀಚರ್ ಕೆಲ್ಸಕ್ಕೆ ಸೇರ್ಕೊ" ಅಂದ. ಅದೇನು ಕೆಟ್ಟ ಮಾತಲ್ಲ. ಆದರೆ ಆ ಹುಡುಗಿ ಅಂದು ರಾತ್ರಿ ಮುದ್ದೆಯನ್ನು ಮುರಿದು ಮುರಿದು ಹಾಗೇ ಬಿಟ್ಟಳು.

ಆಮೇಲೆ ಒಂದು ಮಧ್ಯಾಹ್ನ ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದಾಗ, ಇಂಥ ಓದಿಗೆ ಹಣ ಎಲ್ಲೆಲ್ಲಿಂದ ಬರಬಹುದು ಎಂದು ನನಗೆ ತಿಳಿಸಿ ಹೇಳಿದಳು. ದೊಡ್ಡದು ದೆಹಲಿಯವರ ಪರೀಕ್ಷೆಯದು. ಪಾಸಾದರೆ ತಿಂಗಳು ತಿಂಗಳು ಸಂಬಳದ ಹಾಗೆ ಬರುತ್ತದೆ. ಅದರಲ್ಲಿ ಅವಳು ಸ್ವಲ್ಪದರಲ್ಲೇ ತಪ್ಪಿದ್ದಳು. ಸರ್ಕಾರದ ಇಲಾಖೆಗಳದು ಜಾತಿ, ಆದಾಯದ ಸರ್ಟಿಫಿಕೇಟು ಇಟ್ಟು ಹಾಕುವ ಅರ್ಜಿ. ಅದರ ಕೊನೆಯ ದಿನ ದಾಟಿಹೋಗಿತ್ತು, ಇನ್ನು ಬರುವ ವರ್ಷಕ್ಕೇ. ವಿಶ್ವವಿದ್ಯಾಲಯವೇ ಕೊಡುವುದು ಒಂದಿದೆ, ಅದು ಬಸ್ ಚಾರ್ಜಿಗೆ ಸರಿಹೋಗುತ್ತದೆ. ವಿಭಾಗದ ದೊಡ್ಡ ಮೇಷ್ಟ್ರ ಪ್ರಾಜೆಕ್ಟಿನಲ್ಲಿ ಕೆಲಸಕ್ಕೆ ಸೇರಿದರೆ ಸಂಬಳ ಬರುತ್ತದೆ, ಆದರೆ ಆಗ ಅವರ ವಿಷಯಕ್ಕೆ ದುಡಿಯಬೇಕು, ತನ್ನ ಸಂತೆ ಮೂಲೆಗೆ ಬೀಳುತ್ತದೆ. ಬ್ಯಾಂಕಿನವರು ಡಾಕ್ಟರ್ ಓದುವವರಿಗೆ, ಇಂಜಿನಿಯರ್ ಓದುವವರಿಗೆ ಸಾಲ ಕೊಡುತ್ತಾರೆ. ಸಂತೆ ಓದುವವರನ್ನು ಕಂಡರೆ ನಗುತ್ತಾರೆ. ಉಳಿದದ್ದು ಟ್ರಸ್ಟುಗಳು. ತಮ್ಮ ಸೀಮೆಯ ಮೇಲೆ ಕೆಲಸ ಮಾಡುವವರಿಗೆಂದೇ ಹಣ ಎತ್ತಿಟ್ಟಿರುವ ಒಂದು ಟ್ರಸ್ಟು ಮೈಸೂರಿನಲ್ಲಿತ್ತು.

ಬೇರೆ ಕಡೆ ಯಾಕೆ ಸಿಗುವುದಿಲ್ಲ ಎಂದರೆ, ಅವಳ ಓದು ಯಾವ ಮನೆಗೂ ಸೇರಿದ್ದಲ್ಲವಂತೆ. ಇತಿಹಾಸದವರು ಇದು ವ್ಯಾಪಾರದ ವಿಷಯ, ಅರ್ಥಶಾಸ್ತ್ರದವರನ್ನು ಕೇಳು ಅನ್ನುತ್ತಾರೆ. ಅರ್ಥಶಾಸ್ತ್ರದವರು ಇದರಲ್ಲಿ ಬರೀ ಮಾತುಕತೆ ಇದೆ, ಜಾನಪದದವರ ಹತ್ತಿರ ಹೋಗು ಅನ್ನುತ್ತಾರೆ. ಜಾನಪದದವರು ಹಾಡು ಇದೆಯೇ, ಕತೆ ಇದೆಯೇ ಎಂದು ಕೇಳುತ್ತಾರೆ. ನನಗೆ ಇದು ಚೆನ್ನಾಗಿ ಅರ್ಥವಾಯಿತು. ಒಂದೇ ಬೀದಿಯಲ್ಲಿ ಮೂರು ಮನೆ ನೆಂಟರಿದ್ದರೆ ಹೀಗೇ ಆಗುವುದು. ಅವರ ಮನೆಯಲ್ಲಿ ಉಂಡಿರುತ್ತಾರೆ ಎಂದು ಇವರು, ಇವರ ಮನೆಯಲ್ಲಿ ಉಂಡಿರುತ್ತಾರೆ ಎಂದು ಅವರು. ಬಂದವರು ನೀರು ಕುಡಿದು ಬಸ್ಸು ಹತ್ತುತ್ತಾರೆ.

ಪವಿತ್ರ ಮೈಸೂರಿನ ಆ ಟ್ರಸ್ಟಿಗೆ ಅರ್ಜಿ ಹಾಕಿ, ಸಂದರ್ಶನಕ್ಕೂ ಹೋಗಿಬಂದಳು. ಅರ್ಜಿಯಲ್ಲಿ ತನ್ನ ಫೋನ್ ನಂಬರಿನ ಕೆಳಗೆ ನನ್ನದನ್ನೂ ಕೊಟ್ಟಿದ್ದಳು. ಅಪ್ಪ ಗದ್ದೆಯಲ್ಲಿರುತ್ತಾನೆ, ಅಜ್ಜಿಯಾದರೆ ಮನೆಯಲ್ಲೇ ಇರುತ್ತಾಳೆ, ಕರೆ ಬಂದರೆ ಎತ್ತುತ್ತಾಳೆ ಎಂಬುದು ಅವಳ ಲೆಕ್ಕ. ಎತ್ತುವುದೇನೋ ಎತ್ತಿದೆ.

ಅವತ್ತು ಅವಳು ಬಿಳಿಗಿರಿರಂಗನ ಬೆಟ್ಟಕ್ಕೆ, ಅಲ್ಲಿಯ ಕಾಡಿನ ಜನರ ಪೋಡುಗಳಲ್ಲಿ, ಅಂದರೆ ಅವರ ಕೇರಿಗಳಲ್ಲಿ, ಮಾತಾಡಿಸಿಕೊಂಡು ಬರಲು ಹೋಗಿದ್ದಳು. ಅಲ್ಲಿ ಫೋನು ಸಿಗುವುದಿಲ್ಲ. ನಾನೂ ಸಾಕಮ್ಮನೂ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಫೋನ್ ಹೊಡೆದುಕೊಂಡಿತು.

"ಅಮ್ಮಾ, ಪವಿತ್ರ ಅವರ ಮನೆಯಾ?" ಮೈಸೂರಿನ ಮೆತ್ತನೆಯ ಗಂಡು ದನಿ.

"ಹೂಂ ಸಾ. ಅವ್ಳು ಬೆಟ್ಟಕ್ಕೆ ಓಗವ್ಳೆ. ನಾನು ಅವ್ಳ ಅಜ್ಜಿ."

"ಒಳ್ಳೇದಾಯ್ತು. ನಮ್ಮ ಟ್ರಸ್ಟಿನಿಂದ ಅವರಿಗೆ ಫೆಲೋಶಿಪ್ ಕೊಡೋಣ ಅಂತ ಸಮಿತಿಯವರು ಒಪ್ಪಿದ್ದಾರೆ ಅಮ್ಮಾ. ತಗೊಳ್ತಾರೆ ತಾನೆ?"

ನನಗೆ ಎದೆ ಉಕ್ಕಿ ಬಂತು. ಇಷ್ಟು ದೊಡ್ಡವರು ಫೋನು ಮಾಡಿ, ಇಷ್ಟು ಮರ್ಯಾದೆಯಿಂದ ಕೇಳುತ್ತಿದ್ದಾರೆ. ಮರ್ಯಾದಸ್ಥರಿಗೆ ಮರ್ಯಾದೆಯಿಂದಲೇ ಉತ್ತರ ಕೊಡಬೇಕಲ್ಲ.

"ಅಯ್ಯೋ, ಬ್ಯಾಡಿ ಸಾ. ಯಾಕ್ ಸುಮ್ನೆ ನಿಮ್ಗೆ ತೊಂದ್ರೆ."

"ಬೇಡ್ವಾ?"

ಎಷ್ಟು ಒಳ್ಳೆಯ ಮನುಷ್ಯ, ಮತ್ತೆ ಕೇಳುತ್ತಿದ್ದಾರೆ ಅಂದುಕೊಂಡೆ. "ಬ್ಯಾಡಿ ಸಾ, ಇರ್ಲಿ. ಎಂಗೋ ಓದ್ಕತಾಳೆ" ಅಂದೆ. ಇನ್ನು ಅವರು ಒತ್ತಾಯ ಮಾಡುತ್ತಾರೆ, ನಾನು 'ನೀವು ಇಷ್ಟು ಏಳ್ದ ಮೇಲೆ ಬ್ಯಾಡ ಅನ್ನಕಾಯ್ತದಾ' ಅನ್ನಬೇಕು ಎಂದು ಆ ಮಾತನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡೆ.

"ಸರಿ ಅಮ್ಮಾ" ಅಂದರು ಅವರು. ಫೋನಿಟ್ಟರು.

ಯಾರು ಅಂದಳು ಸಾಕಮ್ಮ. ಹೇಳಿದೆ. ಅವಳು ನನ್ನನ್ನು ಮೆಚ್ಚಿಕೊಂಡಳು. "ಒಳ್ಳೇದ್ ಮಾಡ್ದೆ ಬುಡಕ್ಕ. ಕೇಳ್ದೇಟ್ಗೆ ಊಂ ಅಂದ್ರೆ ಮನೇಲಿ ಏನೂ ಇಲ್ವೇನೋ ಅನ್ಕತರೆ. ಮತ್ತೆ ಮಾಡ್ತರೆ, ನೋಡ್ತಿರು." ಫೋನನ್ನು ಅವರೆಕಾಯಿ ಮೊರದಲ್ಲೇ ಇಟ್ಟುಕೊಂಡು ಕಾದೆ. ಹಸುವಿಗೆ ಹುಲ್ಲು ಹಾಕುವಾಗ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ಒಮ್ಮೆ ಹೊಡೆದುಕೊಂಡಿತು. ಎತ್ತಿದರೆ, ಯಾವುದೋ ಹೆಂಗಸು ನನಗೆ ರೀಚಾರ್ಜ್ ಮಾಡಿಸಲು ಹೇಳುತ್ತಿದ್ದಳು. ಅವಳು ಮಾತ್ರ ಎಷ್ಟು ಸಲ ಬೇಡ ಅಂದರೂ ಬಿಡುವವಳಲ್ಲ.

ಸಂಜೆ ಪವಿತ್ರ ಯಳಂದೂರಿನಿಂದ ಆಟೋದಲ್ಲಿ ಬಂದಿಳಿದಳು. ನಾನು ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೆಮ್ಮೆಯಿಂದ ಹೇಳಿದೆ. ಅವಳು ಹೆಗಲಿನ ಚೀಲವನ್ನು ಇಳಿಸಲಿಲ್ಲ. "ಅಜ್ಜೀ, ಬೇಡ ಅಂದ್ಯಾ?" ಅಂದಳು. "ಎಲ್ಡೇ ಸಲ ಕಣವ್ವ" ಅಂದೆ. ಬಯ್ದಿದ್ದರೆ ನಾನೂ ಏನಾದರೂ ಬಯ್ದು ಹಗುರವಾಗುತ್ತಿದ್ದೆ. ಅವಳು ಒಳಗೆ ಹೋಗಿ, ಕೈಕಾಲು ತೊಳೆದು, ತಮ್ಮನ ಬಟ್ಟೆ ಮಡಿಸತೊಡಗಿದಳು. ಆ ಹೊತ್ತಿಗೆ ಅವರ ಆಫೀಸು ಮುಚ್ಚಿತ್ತು.

ಆಗ ನನಗೆ ನಾನು ಓದಿದ ಇಸ್ಕೂಲಿನ ಮೇಷ್ಟ್ರು ನೆನಪಾದರು. ನನ್ನ ತವರು ಕಾಮಗೆರೆಯ ಹತ್ತಿರದ ಹಳ್ಳಿ. ಏಳನೇ ಕ್ಲಾಸು ಪಾಸಾದಾಗ ಮೇಷ್ಟ್ರು ನಮ್ಮ ಮನೆಗೆ ಬಂದು, ಕೊಳ್ಳೇಗಾಲದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದು ಜಾಗ ಇದೆ, ಊಟ, ಪುಸ್ತಕ ಎಲ್ಲ ಪುಕ್ಕಟೆ, ಈ ಹುಡುಗಿಯನ್ನು ಕಳಿಸಿ ಅಂದರು. ನಮ್ಮವ್ವ ಮಜ್ಜಿಗೆ ತಂದಳು. ಮೇಷ್ಟ್ರು ಬೇಡ ಅಂದರು. ಒತ್ತಾಯ ಮಾಡಿದಳು. ಮತ್ತೆ ಬೇಡ ಅಂದರು. ಅವ್ವ ಇನ್ನೊಮ್ಮೆ ಕೇಳಿದಾಗ ತೆಗೆದುಕೊಂಡು, ಖಾಲಿ ಮಾಡಿ, ಮತ್ತೆ ಹಾಕಿಸಿಕೊಂಡು ಕುಡಿದರು. ಅಪ್ಪ ನನ್ನ ಕಡೆ ತಿರುಗಿ, "ಏನವ್ವಾ, ಓಯ್ತೀಯಾ?" ಅಂದ. ನಾನು ಕಾಲಿನ ಹೆಬ್ಬೆರಳು ನೋಡುತ್ತಾ "ಬ್ಯಾಡಪ್ಪ" ಅಂದೆ. ಮೇಷ್ಟ್ರು ಮೀಸೆ ಒರೆಸಿಕೊಂಡು, "ಮಗೀಗೆ ಮನಸ್ಸಿಲ್ಲ" ಎಂದು ಎದ್ದರು. ಮಜ್ಜಿಗೆಯ ವಿಷಯದಲ್ಲಿ ಅಷ್ಟು ಚೆನ್ನಾಗಿ ನೆನಪಿದ್ದ ಲೆಕ್ಕ ನನ್ನ ವಿಷಯದಲ್ಲಿ ಅವರಿಗೆ ಮರೆತುಹೋಯಿತು. ಅವರು ಬೀದಿಯ ತಿರುವು ದಾಟುವವರೆಗೂ ನಾನು ಬಾಗಿಲ ಹಿಂದೆ ನಿಂತು ಕಾದೆ. ಇದನ್ನು ದುಃಖದಿಂದ ಬರೆಯುತ್ತಿಲ್ಲ. ಓದಲು ಹೋಗಿದ್ದರೆ ನಿಮ್ಮ ತಾತ ಸಿಗುತ್ತಿರಲಿಲ್ಲ, ನೀವೂ ಇರುತ್ತಿರಲಿಲ್ಲ. ಆದರೂ ಕೊಳ್ಳೇಗಾಲದ ಬಸ್ಸು ಆ ಹಾಸ್ಟೆಲಿನ ಬೀದಿಯಲ್ಲಿ ಹೋಗುವಾಗ ನಾನು ಈಗಲೂ ಕಿಟಕಿಯ ಕಡೆ ಕೂರುತ್ತೇನೆ.

ಮರುದಿನ ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ಪವಿತ್ರ ಫೋನು ಮಾಡಿದಳು. ಹಿಂದಿನ ದಿನ ನನ್ನ ಹತ್ತಿರ ಮಾತಾಡಿದ್ದವರದೂ ತಪ್ಪಿಲ್ಲ. "ನಿಮ್ಮ ಮನೆಯ ಹಿರಿಯರೇ ಬೇಡ ಅಂದ್ರಲ್ಲಮ್ಮ. ಮನೇಲಿ ಒಪ್ಪಿಗೆ ಇಲ್ಲದೆ ನಡುವೆ ಬಿಟ್ಟುಹೋದ ಹೆಣ್ಣುಮಕ್ಕಳನ್ನ ನೋಡಿದ್ದೀವಿ. ಪಟ್ಟಿಯಲ್ಲಿರೋ ಮುಂದಿನವರಿಗೆ ಇನ್ನೂ ತಿಳಿಸಿಲ್ಲ. ನಿಮ್ಮ ಅಜ್ಜಿ ಬಾಯಲ್ಲೇ ಒಂದು ಮಾತು ಹೇಳಿಸಿ" ಅಂದರು. ಪವಿತ್ರ ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದಳು.

ನೆಟ್ಟಗೆ ಕೇಳಿ ನನಗೆ ಅಭ್ಯಾಸವಿಲ್ಲ. ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ಬೇಕಿದ್ದರೂ ಮೊದಲು ಅವರ ಎಮ್ಮೆಯ ಆರೋಗ್ಯ ವಿಚಾರಿಸುವವಳು ನಾನು.

"ನಮಸ್ಕಾರ ಸಾ. ಊಟ ಆಯ್ತಾ?"

"ಈಗಿನ್ನೂ ಹತ್ತು ಗಂಟೆ ಅಮ್ಮಾ."

"ಆ ಕಡೆ ಮಳೆ ಬಂತಾ ಸಾ?"

ಪವಿತ್ರ ನನ್ನ ತೋಳು ಚಿವುಟಿದಳು. ಅವರು, "ಅಮ್ಮಾ, ನಿನ್ನೆ ಯಾಕೆ ಬೇಡ ಅಂದ್ರಿ? ಮೊಮ್ಮಗಳು ಓದೋದು ನಿಮಗೆ ಇಷ್ಟ ಇಲ್ವಾ?" ಅಂದರು.

"ಅಂಗಲ್ಲ ಸಾ. ನೀವು ಇನ್ನೊಂದ್ ಸಲ ಕೇಳ್ತೀರಿ ಅನ್ಕಂಡಿದ್ದೆ."

ಆ ಕಡೆ ಅವರು ಪಕ್ಕದವರಿಗೆ ಏನೋ ಹೇಳಿ ನಕ್ಕಿದ್ದು ಕೇಳಿಸಿತು. ಆಮೇಲೆ ಅವರು, "ಸರಿ ಅಮ್ಮಾ. ಕೇಳ್ತಾ ಇದೀನಿ. ಈ ಫೆಲೋಶಿಪ್ ನಿಮ್ಮ ಮೊಮ್ಮಗಳಿಗೆ ಬೇಕಾ?" ಅಂದರು.

ನನ್ನ ಕಣ್ಣು ತಾನಾಗಿಯೇ ಹೆಬ್ಬೆರಳಿಗೆ ಇಳಿಯಿತು. ನಾಲಿಗೆ 'ಬ್ಯಾ' ಎಂದು ಎತ್ತಿಯೂ ಬಿಟ್ಟಿತು. ಪವಿತ್ರ ಫೋನನ್ನು ನನ್ನ ಬಾಯಿಗೆ ಇನ್ನಷ್ಟು ಹತ್ತಿರ ತಂದಳು. ನಾನು ತಲೆ ಎತ್ತಿ, "ಬೇಕು ಸಾ" ಅಂದೆ. ಇಷ್ಟು ವರ್ಷ ಆಡದೆ ಉಳಿದಿದ್ದಕ್ಕೋ ಏನೋ, ಆ ಮಾತು ಎಷ್ಟು ಜೋರಾಗಿ ಬಂತೆಂದರೆ, ಗೋಡೆಯ ಆಚೆಯಿಂದ ಸಾಕಮ್ಮ ತಲೆ ಹಾಕಿ "ಏನಕ್ಕಾ, ಅಸ ಅಗ್ಗ ಕಿತ್ಕತ್ತಾ?" ಎಂದು ಕೇಳಿದಳು.

ಫೆಲೋಶಿಪ್ ಬಂತು. ಹಣ ಮಾತ್ರ ನಿಧಾನವಾಗಿ ಬಂತು. ಅಲ್ಲಿಯವರೆಗೆ ನನ್ನ ಮಗ ಹಾಲಿನ ದುಡ್ಡಿನಿಂದ ಬಸ್ಸಿಗೆ ಕೊಟ್ಟ. ಇಸ್ಕೂಲಿನ ಕೆಲಸದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ನಿಮ್ಮಲ್ಲಿ ಯಾರಾದರೂ ಇಂಥ ಓದಿಗೆ ಹೊರಟರೆ, ಒಂದನ್ನೇ ನಂಬಿ ಕೂರದೆ ಎಲ್ಲ ಕಡೆಗೂ ಅರ್ಜಿ ಹಾಕಿ, ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಕೊಡುತ್ತೇವೆ ಅಂದರೆ ತಕ್ಷಣ ಹೂಂ ಅನ್ನಿ. ಅಜ್ಜಿಯ ನಂಬರನ್ನು ಮಾತ್ರ ಕೊಡಬೇಡಿ.

ಮೊದಲ ಹಣ ಬಂದ ವಾರ ಪವಿತ್ರ ನನ್ನನ್ನು ಹನೂರಿನ ಸಂತೆಗೆ ಕರೆದುಕೊಂಡು ಹೋದಳು. ಬರುವಾಗ ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಲು ಇಳಿದು, ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತೆವು. "ಅಜ್ಜಿ, ಮಸಾಲೆ ದೋಸೆ ತಿಂತೀಯಾ?" ಅಂದಳು. ಬೆಳಗಿನಿಂದ ಬಿಸಿಲಲ್ಲಿ ಅಲೆದು ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. "ಬ್ಯಾಡ ಬುಡವ್ವ, ಯಾಕ್ ಸುಮ್ನೆ" ಅಂದೆ. "ಸರಿ" ಅಂದ ಅವಳು ಸಪ್ಲೈಯರನ್ನು ಕರೆದು, "ಒಂದು ಮಸಾಲೆ, ಒಂದು ಲೋಟ ನೀರು" ಅಂದಳು. ದೋಸೆ ಬಂತು. ಅಂಚು ಕೆಂಪಗೆ, ಗರಿಗರಿಯಾಗಿ, ಮೇಲೆ ಬೆಣ್ಣೆ ಕರಗುತ್ತಾ ಇತ್ತು. ಅವಳು ನನ್ನ ಮುಖ ನೋಡದೆ, ನಗು ತಡೆಯಲು ತುಟಿ ಬಿಗಿಹಿಡಿದು, ತುದಿಯನ್ನು ಮುರಿದಳು. ನಾನು ನೀರು ಕುಡಿದೆ. ಗೋಡೆಯ ಮೇಲಿನ ದೇವರ ಪಟ ನೋಡಿದೆ. ಸಂತೆಯಲ್ಲಿ ಜನ ಕಮ್ಮಿ ಅಲ್ವಾ ಅಂದೆ. ಕೊನೆಗೆ ತಡೆಯಲಾಗಲಿಲ್ಲ.

"ಪವಿತ್ರಾ..."

"ಏನಜ್ಜಿ?"

"ಇನ್ನೊಂದ್ ಸಲ ಕೇಳವ್ವ."