ಐದು ಬುರುಜಿನ ಕೋಟೆ

ಮೂವತ್ತೊಂದು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತನಾದ ಮನುಷ್ಯನಿಗೆ ಒಂದು ಹಳೇ ನೋಟ್‌ಬುಕ್ಕನ್ನು ಓದುವುದು ಎಷ್ಟರ ಕೆಲಸ? ಎರಡು ದಿನದ್ದು ಎಂದು ನಾನು ಹೆಂಡತಿಗೆ ಹೇಳಿದ್ದೆ. ಆಮೇಲೆ ಆದದ್ದನ್ನೆಲ್ಲ ನೆನೆಸಿಕೊಂಡರೆ ಈಗಲೂ ಕೂತಲ್ಲೇ ಸುಸ್ತಾಗುತ್ತದೆ. ಬಸವಕಲ್ಯಾಣದಲ್ಲಿ ನಾನು ತರಕಾರಿ ತರಲು ಹೊರಟರೂ ಯಾರಾದರೊಬ್ಬರು ಗಾಡಿ ನಿಲ್ಲಿಸಿ, "ಏನ್ರಿ ಮಾಸ್ತರ್ರ, ಸಿಕ್ತೇನ್ರಿ?" ಎಂದು ಕೇಳಿ ಹೋಗುತ್ತಾರೆ.

ದೀಪಾವಳಿಗೆ ಮುಂಚೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ ಆ ನೋಟ್‌ಬುಕ್ ಸಿಕ್ಕಿತು. ಅದು ನಮ್ಮ ಅಜ್ಜನದು. ಅಜ್ಜ ದೊಡ್ಡ ಯುದ್ಧದ ಕಾಲದಲ್ಲಿ ಇಂಗ್ಲಿಷರ ಫೌಜಿಗೆ ಸೇರಿ ಬರ್ಮಾ ಕಡೆ ಹೋಗಿದ್ದವನು. ಅವನು ಫೌಜಿನಲ್ಲಿ ಘೋಡೇಸವಾರನಾಗಿದ್ದ, ಐದು ಭಾಷೆ ಬಲ್ಲವನಾಗಿದ್ದ ಎಂದು ನಮ್ಮ ಮನೆತನದಲ್ಲಿ ಎಲ್ಲರೂ ಹೇಳುತ್ತಿದ್ದರು. ಸಾಕ್ಷಿಗೆ ಗೋಡೆಯ ಮೇಲೆ ಒಂದು ಫೋಟೋ ಇದೆ. ಖಾಕಿ ತೊಟ್ಟ ಅಜ್ಜ, ಪಕ್ಕದಲ್ಲಿ ಕುದುರೆ. ಕುದುರೆಯ ಕಿವಿ ಸ್ವಲ್ಪ ಉದ್ದ. ಮಿಲಿಟರಿ ಕುದುರೆ ಎಂದರೆ ಕಿವಿಯೂ ಹಾಗೇ ಇರಬಹುದು ಎಂದು ಮೂರು ತಲೆಮಾರು ನಾವು ಸಮಾಧಾನ ಮಾಡಿಕೊಂಡಿದ್ದೆವು.

ನೋಟ್‌ಬುಕ್ ತೆರೆದರೆ ಒಂದು ಅಕ್ಷರವೂ ಇಲ್ಲ. ಪುಟಕ್ಕೊಂದು ಕಮಾನು, ಒಂದು ಕಡೆ ಬಾಯಿ ತೆರೆದದ್ದು. ಕಮಾನಿನ ಉದ್ದಕ್ಕೂ ಚುಕ್ಕಿಗಳು, ಕೆಲವು ಕಡೆ ಆರು, ಕೆಲವು ಕಡೆ ಏಳು. ಕೆಳಗೆ ಗೀಟುಗಳು, ಒಂದರಿಂದ ನಾಲ್ಕರ ತನಕ. ಮೇಲೆ ಒಂದು ಗುರುತು. ಒಂದು ಪುಟದಲ್ಲಿ ಅರ್ಧಚಂದ್ರ, ಇನ್ನೊಂದರಲ್ಲಿ ಹೂವು, ಮತ್ತೊಂದರಲ್ಲಿ ಮುರಿದ ಗೆರೆ. ಕೆಲವು ಪುಟಗಳ ಮೇಲೆ ಈ ಮೂಲೆಯಿಂದ ಆ ಮೂಲೆಗೆ ದೊಡ್ಡ ಕಾಟು ಹೊಡೆದಿತ್ತು.

ನನಗೆ ಮೈ ಝುಂ ಎಂದಿತು. ಇದು ಗುಪ್ತಲಿಪಿ! ಶತ್ರುಗಳ ಕೋಟೆಗಳ ನಕ್ಷೆ! ಕಮಾನು ಎಂದರೆ ಕೋಟೆಗೋಡೆ, ಚುಕ್ಕಿ ಎಂದರೆ ತೋಪಿನ ಬುರುಜು, ಗೀಟು ಎಂದರೆ ಪಲ್ಟನ್ನಿನ ಸಂಖ್ಯೆ. ಅರ್ಧಚಂದ್ರ ಇದ್ದಲ್ಲಿ ರಾತ್ರಿ ದಾಳಿ, ಹೂವು ಇದ್ದಲ್ಲಿ ಮದ್ದಿನ ಮನೆ. ಕಾಟು ಹೊಡೆದವೆಲ್ಲ ಅಜ್ಜ ಕೆಡವಿದ ಕೋಟೆಗಳು. ಭೂಗೋಳದ ಮಾಸ್ತರನ ಕಣ್ಣಿಗೆ ಚಪಾತಿಯೂ ನಕ್ಷೆಯೇ, ಏನು ಮಾಡುವುದು?

ಉತ್ಸಾಹ ತಡೆಯಲಾರದೆ ಹುಮನಾಬಾದಿಗೆ ಫೋನ್ ಮಾಡಿದೆ. ಅಲ್ಲಿ ಗುರಮ್ಮ ಅತ್ತಿ ಇದ್ದಾಳೆ, ಅಜ್ಜನ ಒಬ್ಬಳೇ ಮಗಳು. ಅಜ್ಜ ಯುದ್ಧಕ್ಕೆ ಹೋಗುವಾಗ ಅವಳು ತಾಯಿಯ ಹೊಟ್ಟೆಯಲ್ಲಿದ್ದಳು. ಅವನು ತಿರುಗಿ ಬಂದಾಗ ನಾಲ್ಕು ವರ್ಷದವಳು. ಮೀಸೆಯ ಅಪರಿಚಿತನನ್ನು ನೋಡಿ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಅಡಗುತ್ತಿದ್ದಳಂತೆ. ಅವನೂ ಹೆಚ್ಚು ಮಾತಿನವನಲ್ಲ. ಇಬ್ಬರ ನಡುವೆ ಸಲಿಗೆ ಬೆಳೆಯುವ ಮೊದಲೇ ಅಜ್ಜ ತೀರಿಕೊಂಡ. ಈಗ ಅತ್ತಿಗೆ ಎಂಬತ್ತು ದಾಟಿದೆ.

ನನ್ನ ಕೋಟೆ, ತೋಪು, ಪಲ್ಟನ್ನುಗಳ ವರ್ಣನೆಯನ್ನು ಕೇಳಿಸಿಕೊಂಡು ಅತ್ತಿ ಕೇಳಿದಳು, "ಅದೆಲ್ಲಾ ಇರ್ಲಿ ತಮ್ಮಾ. ಅದರಾಗ ನನ್ನ ಹೆಸರು ಎಲ್ಲೆರ ಐತೇನು ನೋಡು."

"ಇದು ಯುದ್ಧದ ದಾಖಲೆ ಅತ್ತಿ. ಇದರಾಗ ಮನಿ ಮಂದಿ ಹೆಸರು ಇರೂದಿಲ್ಲ."

"ಒಮ್ಮಿ ತಂದ್ ತೋರಿಸು. ನಾ ಕಣ್ಣ ಮುಚ್ಚೂದ್ರಾಗ."

"ಅಭ್ಯಾಸ ಮುಗೀಲಿ, ತರ್ತೀನಿ," ಎಂದೆ. ಹೆಂಡತಿ ಶಾಂತಾಳಿಗೂ ತೋರಿಸಲಿಲ್ಲ. ಮಿಲಿಟರಿ ಗುಟ್ಟು ನೋಡಿ. ಅಲಮಾರಿಯಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ಇಷ್ಟಲಿಂಗದ ಕಾಯಿಯ ಪಕ್ಕದಲ್ಲಿ ಅದು ತೂಗಾಡುವುದನ್ನು ಕಂಡು ಶಾಂತಾ, "ಇದೊಂದು ಹೊಸಾ ಧರ್ಮಾ ಹಿಡದ್ರೇನು?" ಎಂದಳು.

ಹೀಗೆ ಮೂರು ತಿಂಗಳು ಕಳೆದವು. ಅತ್ತಿ ಎಂಟು ದಿನಕ್ಕೊಮ್ಮೆ ಫೋನ್ ಮಾಡಿ, "ಸಿಕ್ತೇನೋ ನನ್ನ ಹೆಸರು?" ಎನ್ನುವಳು. ನಾನು ಅಭ್ಯಾಸ ನಡೆದಿದೆ ಎನ್ನುವೆ. ನಿವೃತ್ತ ಶಿಕ್ಷಕರ ತಿಂಗಳ ಸಭೆಯಲ್ಲಿ "ಒಂದು ಯುದ್ಧಕಾಲೀನ ಸಂಕೇತಲಿಪಿ" ಎಂಬ ವಿಷಯವಾಗಿ ಒಂದು ತಾಸು ಮಾತನಾಡಿದೆ. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಬಹುದು ಎಂದೆ. ಒಬ್ಬರು ಎದ್ದು ನಿಂತು, ಚಹಾ ಯಾವಾಗ ಎಂದು ಕೇಳಿದರು.

ನನ್ನನ್ನು ನಿಜವಾಗಿ ಕೆಡಿಸಿದ್ದು ಕೊನೆಯ ಪುಟ. ಅಲ್ಲಿನ ಕಮಾನು ಬೇರೆ ಎಲ್ಲದಕ್ಕಿಂತ ಅಗಲ ಕಡಿಮೆ, ಉದ್ದ ಹೆಚ್ಚು. ಚುಕ್ಕಿಗಳು ಐದೇ. ಅವೂ ಕಮಾನಿನ ಮೇಲಲ್ಲ, ತೆರೆದ ಬಾಯಿಯ ಕಡೆ ಸಾಲಾಗಿ, ಒಂದು ದಪ್ಪ, ಉಳಿದವು ಸಣ್ಣ. ಗೀಟಿಲ್ಲ, ಗುರುತಿಲ್ಲ. ಐದು ಬುರುಜಿನ ಈ ಕೋಟೆ ಯಾವುದು? ಒಂದು ಬೆಳಿಗ್ಗೆ ಮಂಠಾಳ ರಸ್ತೆಯ ನಮ್ಮ ಹೊಲದಲ್ಲಿ ನಿಂತಾಗ ಹೊಳೆಯಿತು. ಅಲ್ಲಿ ಬದು ಕಮಾನಿನಂತೆ ಬಾಗಿದೆ. ಎದುರಿಗೆ ಸಾಲಾಗಿ ಐದು ಬೇವಿನ ಮರ, ಒಂದು ದಪ್ಪ. ಅಜ್ಜನೇ ನೆಟ್ಟವು! ಯುದ್ಧದಿಂದ ತಂದ ಏನನ್ನೋ ಅವನು ಇಲ್ಲಿ ಹೂತಿಟ್ಟಿದ್ದಾನೆ.

ಸಲಿಕೆ ಹಿಡಿದು ನಡುಮಧ್ಯೆ ಅಗೆಯಲು ನಿಂತೆ. ನಕ್ಷೆ ಓದುವವರಿಗೆ ಅಗೆಯುವ ಅಭ್ಯಾಸ ಇರುವುದಿಲ್ಲ. ಒಂದು ಅಡಿಗೆ ಸೊಂಟ ಹಿಡಿಯಿತು, ಎರಡಕ್ಕೆ ಅಂಗೈಗೆ ಬೊಬ್ಬೆ ಬಂತು. ಅಷ್ಟರಲ್ಲಿ ಬದುವಿನ ಮೇಲೆ ಹತ್ತು ಹನ್ನೆರಡು ಮಂದಿ ಕೂತು ಶೇಂಗಾ ತಿನ್ನುತ್ತಿದ್ದರು. ಮಾಸ್ತರ್ರಿಗೆ ನಿಧಿ ಸಿಗಾಕತ್ತದಂತೆ ಎಂಬ ಸುದ್ದಿ ನನಗಿಂತ ವೇಗವಾಗಿ ಕೆಲಸ ಮಾಡಿತ್ತು. ಮೂರನೇ ಅಡಿಯಲ್ಲಿ ಸಲಿಕೆಗೆ ಏನೋ ಗಟ್ಟಿಯಾಗಿ ತಾಗಿತು. "ಸಿಕ್ತು!" ಎಂದು ಕೂಗಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಒಂದು ಏಟು ಹೊಡೆದೆ.

ನೀರು ಬೇವಿನ ಮರದ ಅರ್ಧದ ತನಕ ಹಾರಿತು.

ಅದು ಬಾಜೂ ಹೊಲದ ರೇವಣಪ್ಪನ ಪೈಪ್‌ಲೈನ್. ಅವನ ಬಾವಿಯಿಂದ ಅವನ ಕಬ್ಬಿಗೆ ನಮ್ಮ ಹೊಲದಡಿಯಲ್ಲಿ ಹಾದು ಹೋಗಿತ್ತು. ಹಾಕುವಾಗ ಒಪ್ಪಿಗೆ ಕೊಟ್ಟವನು ನಾನೇ. ರೇವಣಪ್ಪ ಓಡಿ ಬಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಾಸ್ತರ್ರ, ಮೂರು ದಿನಕ್ಕ ಈಗ ಕರೆಂಟ್ ಬಂದಿತ್ತು," ಎಂದಷ್ಟೇ ಹೇಳಿ ತಗ್ಗಿನ ದಂಡೆಯಲ್ಲಿ ಕುಕ್ಕರಿಸಿದ. ಆಮೇಲೆ, "ಈ ಅಳತಿ ಜೋಡಣಿ ಹುಮನಾಬಾದಿನಾಗ ಸಿಗ್ತದ. ನೀವೇ ತರ್ರಿ," ಎಂದ. ನಾನು ಪೈಪಿನ ತುಂಡಾದ ಬಾಯಿಯನ್ನು ನೋಡಿ ಕಾಗದದ ಮೇಲೆ ಕರಾರುವಾಕ್ಕಾಗಿ ಚಿತ್ರ ಬರೆದುಕೊಂಡೆ.

ಮರುದಿನ ಬಸ್ಸಿಗೆ ಶಾಂತಾಳೂ ಬಂದಳು. "ಹುಮನಾಬಾದಿಗೆ ಹೊಂಟೇವಂದ್ರ ಆ ಪುಸ್ತಕ ತೊಗೊರಿ. ಮುದುಕಿ ಅದರ ಸಲುವಾಗಿ ಜೀವಾ ಬಿಡಾಕತ್ತದ," ಎಂದಳು. ವಾದ ಮಾಡುವ ತ್ರಾಣ ನನ್ನ ಸೊಂಟಕ್ಕೆ ಇರಲಿಲ್ಲ. ಕೀಲಿ ಬಿಚ್ಚಿಕೊಟ್ಟೆ.

ಪೈಪಿನ ಅಂಗಡಿ ಊಟಕ್ಕೆ ಬಾಗಿಲು ಹಾಕಿತ್ತು. ಎದುರಿನ ಬೇವಿನ ನೆರಳಲ್ಲಿ ಎಲ್ಲರೂ ಮಹೆಬೂಬ್ ಚಾಚಾ ಎಂದು ಕರೆಯುವ ನಾಲಬಂದ್ ಒಂದು ಎತ್ತನ್ನು ಕೆಡವಿ ಗೊರಸಿಗೆ ನಾಲು, ಅಂದರೆ ಲಾಳ, ಬಡಿಯುತ್ತಿದ್ದರು. ಹಳ್ಳಿಖೇಡದ ಕಾರ್ಖಾನೆಗೆ ಕಬ್ಬಿನ ಗಾಡಿ ಎಳೆಯುವ ಎತ್ತು. ನಾವೂ ಆ ನೆರಳಲ್ಲೇ ಕೂತೆವು. ಸೆಕೆ ತಾಳದೆ ಶಾಂತಾ ಚೀಲದಿಂದ ನೋಟ್‌ಬುಕ್ ತೆಗೆದು ಗಾಳಿ ಹಾಕಿಕೊಳ್ಳತೊಡಗಿದಳು. ಮೂರು ತಿಂಗಳು ಕಾಪಾಡಿದ ಮಿಲಿಟರಿ ಗುಟ್ಟು ನಡುಬಜಾರಿನಲ್ಲಿ ಪಟಪಟ ಎನ್ನುತ್ತಿತ್ತು.

ಚಾಚಾ ಬಡಿಯುವುದನ್ನು ನಿಲ್ಲಿಸಿ, "ಬಾಯೀ, ಜರಾ ನೋಡೂಣು," ಎಂದು ಕೈ ಚಾಚಿದರು. ನಾಲ್ಕು ಪುಟ ತಿರುವಿ, "ಇದು ಯಾ ನಾಲಬಂದಂದು ಸಾಬ್?" ಎಂದು ನನ್ನನ್ನು ಕೇಳಿದರು.

"ನಾಲಬಂದ?"

"ಹೌದ್ರಿ. ಇವು ಖಚ್ಚರದ ನಾಲು. ಎತ್ತಿಂದಾದ್ರ ಎರಡು ತುಂಡು ಇರ್ತದ, ಇದು ಒಂದ. ಈ ಚುಕ್ಕಿ ಮೊಳಿ. ಈ ಗೀಟು ಯಾ ಕಾಲಿಂದು ಅಂತ. ಮ್ಯಾಲಿಂದು ಆ ಜನಾವಾರದ ಗುರುತು, ಹಣಿಮ್ಯಾಗ ಚಂದ್ರಾ ಇದ್ದದ್ದು, ಕಿವಿ ಹರದದ್ದು. ನಮ್ಮಪ್ಪನೂ ಹಿಂಗ ಬರೀತಿದ್ರು. ಓದಾಕ ಬರ್ತಿದ್ದಿಲ್ಲ, ಮತ್ತ ಯಾದಕ್ಕ ಯಾ ಅಳತಿ ಅಂತ ನೆಪ್ಪಿರಬೇಕಲ್ರಿ."

ಶಾಂತಾ ನನ್ನ ಮುಖ ನೋಡಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎತ್ತಿನ ಕಡೆ ನೋಡುತ್ತಿದ್ದಳು.

"ಈ ಕಾಟು ಹೊಡದಿದ್ದು?" ಎಂದೆ, ಕೊನೆಯ ಆಸೆಯಿಂದ.

ಚಾಚಾ ಆ ಪುಟದ ಮೇಲೆ ಒಂದು ಗಳಿಗೆ ಕೈಯಿಟ್ಟರು. "ಸತ್ತಾವ್ರಿ ಪಾಪ. ಭಾಳ ಸತ್ತಾವ."

ಘೋಡೇಸವಾರನೂ ಇಲ್ಲ, ಐದು ಭಾಷೆಯೂ ಇಲ್ಲ. ಅಜ್ಜ ಹೇಸರಗತ್ತೆಗಳಿಗೆ ನಾಲು ಬಡಿದು, ಅವು ಒಂದೊಂದೇ ಸತ್ತಾಗ ಕಾಟು ಹೊಡೆಯುತ್ತಾ ಕೂತವನು. ಫೋಟೋದಲ್ಲಿನ ಕಿವಿ ನೆನಪಾಗಿ ನನಗೆ ಬಹಳ ನಾಚಿಕೆಯಾಯಿತು. ಕೊನೆಯ ಪುಟವನ್ನು ಮಾತ್ರ ಚಾಚಾ ತಿರುವಿ ಮುರುವಿ ನೋಡಿ ಮರಳಿಸಿದರು. "ಇದು ನಾಲಿಂದಲ್ಲ ಸಾಬ್. ಯಾ ಜನಾವಾರದ್ದೋ ತಿಳೀವಲ್ದು."

ಅತ್ತಿಯ ಮನೆಯಲ್ಲಿ ನಾನು ಪೀಠಿಕೆ ಹಾಕದೆ ನೋಟ್‌ಬುಕ್ಕನ್ನು ಅವಳ ಕೈಗೆ ಕೊಟ್ಟೆ. "ನಿನ್ನ ಹೆಸರಿಲ್ಲ ಅತ್ತಿ. ಯಾರ ಹೆಸರೂ ಇಲ್ಲ. ಅಜ್ಜಗ ಬರಿಯಾಕ ಬರ್ತಿದ್ದಿಲ್ಲ," ಎಂದೆ. ಅತ್ತಿ ಚಾಳೀಸು ಏರಿಸಿ ಒಂದೊಂದೇ ಪುಟ ಸವರುತ್ತಾ ಹೋದಳು. ಕೊನೆಯ ಪುಟಕ್ಕೆ ಬಂದಾಗ ಕೈ ನಿಂತಿತು. ನೋಟ್‌ಬುಕ್ಕನ್ನು ನೆಲದ ಮೇಲಿಟ್ಟು, ಗೋಡೆ ಹಿಡಿದು ಎದ್ದು, ಆ ಐದು ಬುರುಜಿನ ಕೋಟೆಯ ಪಕ್ಕ ತನ್ನ ಒಡೆದ ಹಿಮ್ಮಡಿಯ ಪಾದವನ್ನು ಇಟ್ಟಳು.

ಕಮಾನು ಹಿಮ್ಮಡಿ. ಐದು ಚುಕ್ಕಿ ಐದು ಬೆರಳು. ಒಂದು ದಪ್ಪ, ಉಳಿದವು ಸಣ್ಣ.

"ಅಪ್ಪ ನನ್ನ ಹೊಸ್ತಿಲ ಮ್ಯಾಲ ನಿಂದರಿಸಿದ್ದ," ಎಂದಳು ಅತ್ತಿ. "ಪೆನ್ಸಿಲ್ ಹಿಡದು ಕಾಲಿನ ಸುತ್ತ ಗೆರಿ ಎಳದ. ಕಚಗುಳಿ ಆಗಿ ಓಡಿ ಹೋಗಿದ್ದೆ. ಮುಂದ ಇದ ಹುಮನಾಬಾದಿನಿಂದ ಕೆಂಪು ಚಪ್ಪಲಿ ತಂದ. ಸರಿಯಾಗಿ ಕುಂತಿದ್ವು." ಕಣ್ಣು ಒರೆಸಿಕೊಂಡಳು. "ಹೆಸರು ಬರಿಯಾಕ ಬರ್ತಿದ್ದಿಲ್ಲಲ್ಲೋ ತಮ್ಮಾ ಅವಗ. ಬರ್ತಿದ್ದಷ್ಟು ಬರದಾನ."

ಆಮೇಲೆ ಅತ್ತಿ ನನ್ನ ಕಡೆ ತಿರುಗಿ, "ಮೂರು ತಿಂಗಳ ಇದನ್ನ ಇಟಗೊಂಡು ಏನ್ ಮಾಡ್ದಿ?" ಎಂದಳು.

"ನಿಮ್ಮ ಪಾದದಾಗ ನಿಧಿ ಹುಡಕಾಕತ್ತಿದ್ರು ಅತ್ತಿ," ಎಂದಳು ಶಾಂತಾ. "ರೇವಣಪ್ಪನ ಪೈಪ್ ಸಿಕ್ತು."

ನೋಟ್‌ಬುಕ್ಕನ್ನು ಅತ್ತಿಯ ಹತ್ತಿರವೇ ಬಿಟ್ಟು ಸಂಜೆ ಪೈಪಿನ ಅಂಗಡಿಗೆ ಹೋದೆ. ರೇವಣಪ್ಪ ಆಗಲೇ ಎರಡು ಸಲ ಫೋನ್ ಮಾಡಿದ್ದ. ಅಂಗಡಿಯವನ ಮುಂದೆ ನನ್ನ ಚಿತ್ರ ಬಿಡಿಸಿಟ್ಟೆ. ಪೈಪಿನ ಬಾಯಿ, ಒಡೆದ ಭಾಗ, ಬೋಲ್ಟಿನ ತೂತು ಎಲ್ಲ ಇದ್ದವು. ಅವನು ಕಾಗದವನ್ನು ಉದ್ದ ಹಿಡಿದ, ಅಡ್ಡ ಹಿಡಿದ, ಕನ್ನಡಕ ತೆಗೆದು ನೋಡಿದ. ಕೊನೆಗೆ ಬಹಳ ಮರ್ಯಾದೆಯಿಂದ ಎದುರಿನ ಬೇವಿನ ಮರದ ಕಡೆ ಕೈ ತೋರಿಸಿದ.

"ಇದು ನಮ್ಮಲ್ಲಿ ಆಗೂದಿಲ್ಲ ಸರ್ರ. ಎತ್ತಿಗೆ ನಾಲು ಹಾಕವ್ರು ಅಲ್ಲಿ ಕೂತಾರ ನೋಡ್ರಿ."