ನಮ್ಮಣ್ಣ ಕಂಡುಹಿಡಿದ ಗ್ರಹ

ಈ ಸಂಗತಿಯನ್ನು ನನಗೆ ಮೊಟ್ಟಮೊದಲು ಹೇಳಿದವರು ಹಾವೇರಿಯಲ್ಲಿ ಏಲಕ್ಕಿ ಹಾರ ಕಟ್ಟುವ ಸಾಹೇಬರು. ಅವರಿಗೆ ಹೇಳಿದವಳು ಅವರ ಮಗಳು. ಆಕೆ ರಾಣೆಬೆನ್ನೂರಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ದೊಡ್ಡ ಸಂಗತಿ ಕಿವಿಗೆ ಬಿದ್ದರೆ ಮೊದಲು ಕೈಮುಗಿಯುತ್ತೇನೆ, ಆಮೇಲೆ ನಿಧಾನಕ್ಕೆ ತಿಳಿದುಕೊಳ್ಳುತ್ತೇನೆ. ಕೈಮುಗಿದು ತಿಳಿಯುವಷ್ಟರಲ್ಲಿ ನಮ್ಮ ಮನೆಯವರು ಏನಾದರೊಂದು ನಗೆಪಾಟಲು ಮಾಡಿಯೇ ಬಿಟ್ಟಿರುತ್ತಾರೆ. ಇಷ್ಟು ವರ್ಷ ಹೀಗೇ ನಡೆದುಬಂದಿದೆ. ಈ ಸಲವೂ ಹಾಗೇ ಆಯಿತು.

ವಾರಕ್ಕೆರಡು ಯುಗಾದಿ

ನಮ್ಮಣ್ಣ ಬ್ಯಾಡಗಿ ಪೇಟೆಯಲ್ಲಿ ನಲವತ್ತು ವರ್ಷದಿಂದ ಮೆಣಸಿನಕಾಯಿಯ ಬಣ್ಣ ನೋಡುವವನು. ರಾಶಿಯಿಂದ ಒಂದು ಹಿಡಿ ಎತ್ತಿ, ಬೆಳಕಿಗೆ ಹಿಡಿದು, "ಇದು ಈ ಸಲದ್ದು. ಇದು ಹ್ವಾದ ವರ್ಷದ್ದು. ಇದಕ್ಕ ನೀರು ಹೊಡದಾರ" ಎಂದನೆಂದರೆ ದಲಾಲರು ಎರಡನೆಯ ಮಾತು ಆಡುತ್ತಿರಲಿಲ್ಲ. ಕಣ್ಣೇ ಅವನ ಅನ್ನ. ಆ ಕಣ್ಣಿಗೇ ಪೊರೆ ಬಂದಿತ್ತು.

ಹಾವೇರಿಯ ಕಣ್ಣಿನ ಡಾಕ್ಟರು ಲೈಟು ಬಿಟ್ಟು ನೋಡಿ, "ಎರಡೂ ಕಣ್ಣಿಗೆ ಪೊರಿ ಐತಿ. ಬಲಗಣ್ಣಿಂದು ಪೂರಾ ಬಲಿತೈತಿ. ಈ ತಿಂಗಳದಾಗ ತೆಗಸ್ರಿ. ತಡಾ ಆದ್ರ ಒಳಗ ಒತ್ತಡ ಏರತೈತಿ, ಆಮ್ಯಾಲ ಹ್ವಾದ ಕಣ್ಣು ತಿರುಗಿ ಬರೂದಿಲ್ಲ" ಎಂದರು. ಅಣ್ಣ "ಹೌದ್ರಿ, ಹೌದ್ರಿ" ಎಂದ. ನಾನು ಚೀಟಿ ಮಾಡಿಸಿಕೊಂಡು ತಿರುಗಿ ನೋಡಿದರೆ ಕುರ್ಚಿ ಖಾಲಿ! ಅತ್ತಿಗೆ ನಾನು ಇಬ್ಬರೂ ಹುಡುಕುತ್ತಾ ಹೊರಟೆವು. ಮಹಾರಾಯ ಏಲಕ್ಕಿಯ ವಾಸನೆ ಹಿಡಿದುಕೊಂಡು ನಡೆದು, ಎರಡು ಓಣಿ ಆಚೆ, ಹಾರದ ಸಾಹೇಬರ ಅಂಗಡಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕುಳಿತಿದ್ದ. ಕದರಮಂಡಲಗಿ ಹನುಮಪ್ಪನಿಗೆ ನಾವು ಹಾರ ಕಟ್ಟಿಸುವುದು ಅಲ್ಲಿಯೇ.

"ಕುಂದ್ರಿ ಯಜಮಾನ್ರ," ಎಂದರು ಸಾಹೇಬರು, ಕೈಯಲ್ಲಿನ ದಾರ ಬಿಡದೆ. "ನಮ್ಮ ಮಗಳು ಒಂದು ಮಾತು ಹೇಳ್ಯಾಳ, ಕೇಳಿ ಹೋಗ್ರಿ. ಮ್ಯಾಲ ಒಂದು ಚುಕ್ಕಿ ಐತಂತ, ನಮ್ಮ ಸೂರ್ಯನಂಥಾದ್ದ. ಅದರ ಸುತ್ತ ಒಂದು ಗ್ರಹ ತಿರುಗತೈತಿ. ಎಷ್ಟು ದೂರ ಅಂದ್ರ, ಈಗ ನಮಗ ಮುಟ್ಟಾಕತ್ತಿರೋ ಬೆಳಕು ಅಲ್ಲಿಂದ ಹೊಂಟಾಗ ಹಾವೇರಿಗೆ ಇನ್ನೂ ರೈಲು ಬಂದಿರಲಿಲ್ಲ."

ನಾನು ಕೈಮುಗಿದೆ. ಯಾವ ದಿಕ್ಕಿಗೆ ಮುಗಿಯಬೇಕೆಂದು ತಿಳಿಯದೆ ಅಂಗಡಿಯ ತಗಡಿನ ಕಡೆಗೇ ಮುಗಿದೆ. ನಮ್ಮ ಮುತ್ತಜ್ಜನಿಗಿಂತ ಮುಂಚೆ ಹೊರಟು, ಎಲ್ಲಿಯೂ ಕೂರದೆ, ಯಾರನ್ನೂ ದಾರಿ ಕೇಳದೆ ಬಂದ ಬೆಳಕು ಅದು!

"ಆ ಗ್ರಹಕ್ಕ ಒಂದು ವರ್ಷ ಅಂದ್ರ ಮೂರೂವರಿ ದಿನ. ತನ್ನ ಸೂರ್ಯನ ಮಗ್ಗಲದಾಗ ಅಂಟಿಕೊಂಡಂಗ ಓಡತೈತಿ. ಒಂದು ಮಾರಿಗೆ ಯಾವಾಗಲೂ ಹಗಲು, ಇನ್ನೊಂದು ಮಾರಿಗೆ ಯಾವಾಗಲೂ ಕತ್ತಲಿ. ದೇವರ ಕುದರತ್ ನೋಡ್ರಿ!"

ಎಲ್ಲರಿಗಿಂತ ಲಗೂ ಲೆಕ್ಕ ಹಾಕಿದವರು ಅತ್ತಿಗೆ. "ಅಯ್ಯ ಸಾಹೇಬ್ರ, ಹಂಗಾರ ವಾರಕ್ಕ ಎರಡು ಯುಗಾದಿ! ಹೋಳಿಗಿ ಲಟ್ಟಸಾಕ ಇವರು ಬರ್ತಾರೇನು?"

ಸಾಹೇಬರು ನಕ್ಕು ಅಣ್ಣನ ವಯಸ್ಸು ಕೇಳಿದರು. ಅರವತ್ತೆಂಟು ಎಂದ. ಮೊಬೈಲಿನಲ್ಲಿ ಒತ್ತಿ ನೋಡಿ, "ಅಲ್ಲಿಯ ಲೆಕ್ಕಕ್ಕ ನಿಮಗ ಏಳು ಸಾವಿರ ದಾಟ್ಯಾವ" ಎಂದರು.

ಅಣ್ಣ ನನ್ನ ಕಡೆ ತಿರುಗಿ ಕಣ್ಣು ಕಿರಿದು ಮಾಡಿದ. "ಕೇಳಿದೇನೋ ತಮ್ಮಾ? ಏಳು ಸಾವಿರ ವರ್ಷದ ಮುದುಕನ ಕಣ್ಣಿಗೆ ಕತ್ತರಿ ಹಾಕಾಕ ನಿಂತೀರಿ. ಮನಶ್ಯಾರೇನು ನೀವು?"

ಬದು ಇಲ್ಲದ ಊರು

ಆಪರೇಷನ್ ಮಾತು ಎತ್ತಿದರೆ ಅಣ್ಣ ಎದ್ದುಹೋಗುತ್ತಿದ್ದ. ಗ್ರಹದ ಮಾತು ಎತ್ತಿದರೆ ಕೂರುತ್ತಿದ್ದ. ಹೀಗಾಗಿ ನಾನು ಸಾಹೇಬರಿಗೆ ಫೋನು ಮಾಡಿ ಉಳಿದದ್ದನ್ನೂ ಕೇಳಿಕೊಂಡೆ. ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಹೇಳಿದೆ: ಅದು ಗುರುಗ್ರಹದಂಥ ದೊಡ್ಡ ಉಂಡೆ. ಕಾದ ಹಂಚಿಗಿಂತ ಎಷ್ಟೋ ಪಾಲು ಹೆಚ್ಚು ಬಿಸಿ. ಕಾಲಿಡಲು ನೆಲವೆಂಬುದೇ ಇಲ್ಲ, ಎಲ್ಲಾ ಬರೀ ಗಾಳಿ.

ಎದುರು ಮನೆಯ ಕಾಕಾ ಅಲ್ಲಿಯೇ ಇದ್ದರು. ಹೊಲದ ಬದುವಿನ ಸಲುವಾಗಿ ಪಕ್ಕದವರ ಜೋಡಿ ಹಾವೇರಿ ಕೋರ್ಟಿನಲ್ಲಿ ಅವರ ಕೇಸು ನಡೆದು ಎಷ್ಟೋ ವರ್ಷವಾಯಿತು. ಅವರು ಸರಿದು ಹತ್ತಿರ ಬಂದರು.

"ನೆಲಾನ ಇಲ್ಲ?"

"ಇಲ್ಲರಿ ಕಾಕಾ."

"ಅಂದ್ರ ಬದು ಇಲ್ಲ. ಹೊಲ ಅಳಿಯೋ ಮೋಜಣಿದಾರ ಇಲ್ಲ. ಕೋರ್ಟಿನ ತಾರೀಖು ಇಲ್ಲ." ಬಹಳ ಹೊತ್ತು ಮೇಲೆ ನೋಡಿದರು. ಅವರ ಮುಖದಲ್ಲಿ ನಾನು ಅಷ್ಟು ಭಕ್ತಿಯನ್ನು ಗುಡಿಯಲ್ಲಿಯೂ ನೋಡಿರಲಿಲ್ಲ. ಆಮೇಲೆ ಸಣ್ಣ ಧ್ವನಿಯಲ್ಲಿ ಕೇಳಿದರು: "ನಮ್ಮ ಬಾಜೂ ಹೊಲದವನಿಗೆ ಇದು ಗೊತ್ತಾಗಿಲ್ಲ ಹೌದಿಲ್ಲೋ? ಗೊತ್ತಾದ್ರ ಆ ಮಗಾ ಅಲ್ಲಿಗೂ ಬಂದು ಗೂಟ ಹೊಡಿತಾನ."

ಒಂಬತ್ತು ಸಾಕು

ಮರುದಿನ ನಮ್ಮೂರ ಈಶ್ವರ ಗುಡಿಯಲ್ಲಿ ನವಗ್ರಹಕ್ಕೆ ಸುತ್ತು ಹಾಕುವಾಗ ಮನಸ್ಸಿಗೆ ಒಂದು ಅಳುಕು ಬಂತು. ಅಷ್ಟು ದೊಡ್ಡದೊಂದು ಅಲ್ಲಿ ಒಬ್ಬೊಂಟಿಯಾಗಿ ತಿರುಗುತ್ತಿದೆ, ನಾವು ಒಂದು ಹೂವನ್ನೂ ಏರಿಸಿಲ್ಲ. ಅರ್ಚಕರನ್ನು ಕೇಳಿದೆ, ಅದಕ್ಕೂ ಒಂದು ಸುತ್ತು ಹಾಕಬೇಕೇ ಎಂದು.

ಅವರು ಗಂಧ ತೇಯುತ್ತಲೇ ಹೇಳಿದರು: "ಒಂಬತ್ತಕ್ಕ ಸುತ್ತು ಹಾಕೂದ್ರಾಗ ನಿನ್ನ ಮೊಣಕಾಲು ಕಟಕಟ ಅನ್ನೂದು ಗರ್ಭಗುಡಿತನಕ ಕೇಳಸತೈತಿ. ಹತ್ತನೇದು ತಾನ ಸುತ್ತು ಹಾಕಾಕತ್ತೈತಲ್ಲ, ಹಾಕಲಿ ಬಿಡು."

ಕೇಳಲು ರೈತನಿಲ್ಲದ ಉಪ್ಪು

ಆ ವಾರ ಬ್ಯಾಡಗಿ ಪೇಟೆಯಲ್ಲಿ ಒಂದು ಸಂಗತಿ ನಡೆಯಿತು. ನಾನೂ ಅಲ್ಲಿದ್ದೆ. ಕೆಂಪು ರಾಶಿಗಳ ನಡುವೆ ಸೀನುತ್ತಾ ನಿಂತಿದ್ದೆ. ಒಬ್ಬ ರೈತ ಹೊಸ ಬೆಳೆ ತಂದಿದ್ದ. ಕಾಯಿ ಸುರುವಿದರೆ ಕಣ್ಣು ಕುಕ್ಕುವಂಥ ಬಣ್ಣ. ಅಣ್ಣ ಒಂದು ಹಿಡಿ ಎತ್ತಿ, ಮೂಗಿಗೆ ಹತ್ತುವಷ್ಟು ಹತ್ತಿರ ಹಿಡಿದು, "ಕಳೆ ಇಲ್ಲ. ಹ್ವಾದ ವರ್ಷದ್ದು" ಎಂದುಬಿಟ್ಟ.

ರೈತನ ಬಾಯಿ ತೆರೆದಂತೆಯೇ ಇತ್ತು. "ಯಜಮಾನ್ರ, ಮೊನ್ನೆ ಕಣದಾಗಿಂದ ತುಂಬೇನ್ರಿ! ಖರೇ ಹೇಳ್ತೀನಿ, ನಮ್ಮ ದೇವರಾಣಿ!"

ಅಂಗಡಿಯ ದಲಾಲರು ರೈತನ ಬೆನ್ನು ತಟ್ಟಿ ಕಳಿಸಿದರು. ಆಮೇಲೆ ಅಣ್ಣನನ್ನು ಒಳಗೆ ಕರೆದು, "ಈ ವಾರ ಇದು ಮೂರನೇ ಸಲ ಆತ್ರಿ. ಕಣ್ಣು ತೋರಿಸಿಕೊಂಡು ಬರ್ರಿ. ಅಲ್ಲಿತನಕ ಮನ್ಯಾಗ ಆರಾಮ ಇರ್ರಿ" ಎಂದರು. ನಲವತ್ತು ವರ್ಷದಲ್ಲಿ ಅಣ್ಣನಿಗೆ ಮನೆಯಲ್ಲಿರು ಎಂದವರು ಇರಲಿಲ್ಲ.

ಏನಾದರೂ ಮಾತಾಡಬೇಕಲ್ಲ ಎಂದು ನಾನು ಮತ್ತೆ ಗ್ರಹವನ್ನೇ ಎತ್ತಿದೆ. ಅದರ ಅಂಚಿನ ಗಾಳಿಯಲ್ಲಿ ಹಾದು ಬಂದ ಬೆಳಕನ್ನು ಬಣ್ಣ ಬಣ್ಣ ಬಿಡಿಸಿ ನೋಡಿ, ಯಾವ ಬಣ್ಣ ಕಡಿಮೆಯಾಗಿದೆ ಎಂಬುದರಿಂದ, ಅಲ್ಲಿ ಉಪ್ಪಿನೊಳಗಿನ ಸೋಡಿಯಂ ಇದೆ ಎಂದು ಹೇಳಿದ್ದಾರಂತೆ.

ದಲಾಲರು ಬೆರಗಾದರು. "ನೋಡ್ರಿ ಯಜಮಾನ್ರ! ಬಣ್ಣ ನೋಡಿ ಅವರು ಅಷ್ಟು ದೂರದ ಉಪ್ಪು ಹೇಳ್ತಾರ. ನಿಮಗ ಅಂಗೈಯಾಗಿನ ಕಾಯಿ ತಿಳಿವಲ್ದು."

ಅಣ್ಣ ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡ. "ಅವರದೇನ್ರಿ. ತಪ್ಪು ಹೇಳಿದ್ರ 'ಮೊನ್ನೆ ಕಣದಾಗಿಂದ ತಂದೇನಿ' ಅಂತ ಕೇಳಾಕ ಅಲ್ಲಿ ರೈತ ಇಲ್ಲಲ್ಲ!"

ಹೊರಗೆ ಬಂದ ಮೇಲೆ ಮಾತ್ರ ನನ್ನ ಮೊಣಕೈ ಹಿಡಿದುಕೊಂಡ. "ಬಣ್ಣ ನೋಡೂದು ನನ್ನ ಕಸಬು. ಅವರು ಹೆಂಗ ನೋಡ್ತಾರ ಅಂತ ಆ ಸಾಹೇಬರ ಮಗಳನ್ನ ಕೇಳೂಣು ನಡಿ."

ಮಾತಾಡುವ ಗ್ರಹ

ರಾಣೆಬೆನ್ನೂರಿನ ಶಾಲೆಯಲ್ಲಿ ಟೀಚರು ನಮ್ಮನ್ನು ಮಕ್ಕಳ ಜೋಡಿಯೇ ಕೂರಿಸಿದರು. ಮೇಜಿನ ಮೇಲೆ ಒಂದು ಬಲ್ಬು. ಅದೇ ಚುಕ್ಕಿಯಂತೆ. ದಾರಕ್ಕೆ ಕಟ್ಟಿದ ಲಿಂಬೆಹಣ್ಣು ಗ್ರಹವಂತೆ. "ಆ ಗ್ರಹ ಯಾರ ಕಣ್ಣಿಗೂ ಕಂಡಿಲ್ಲ ಕಾಕಾರ," ಎಂದರು ಅವರು. "ಅದು ಚುಕ್ಕಿ ಮುಂದ ಹಾದು ಹೋದಾಗ ಚುಕ್ಕಿ ಬೆಳಕು ನೂರರಾಗ ಒಂದು ಪಾಲು ಕಡಿಮಿ ಆಗತೈತಿ. ಮೂರೂವರಿ ದಿನಕ್ಕೊಮ್ಮೆ, ತಪ್ಪಲಾರದಂಗ. ಅಷ್ಟು ಮಸುಕಿನಿಂದ ಅದು ಐತಿ ಅಂತ ತಿಳಿದ್ರು. ಈಗ ದೀಪ ನೋಡ್ರಿ. ಮಸುಕಾದ ಕೂಡಲೇ ಹೇಳ್ರಿ."

ನೂರರಲ್ಲಿ ಒಂದು ಪಾಲು! ನಮ್ಮ ದೇವರ ದೀಪದ ಮುಂದೆ ಒಂದು ನೊಣ ಹಾರಿದರೆ ನನಗೆ ತಿಳಿಯುವುದಿಲ್ಲ. ಇವರು ಇಲ್ಲಿ ಕುಳಿತು ಆ ದೇವರ ದೀಪದ ಮುಂದೆ ಹಾರಿದ್ದನ್ನು ಕಂಡಿದ್ದಾರಲ್ಲ ಎಂದು ನನ್ನ ಕೈ ತಾನೇ ಮುಗಿದುಕೊಂಡಿತು.

ಅಷ್ಟರಲ್ಲಿ ಅಣ್ಣ ಕೂಗಿದ, "ಮಸುಕಾತು!"

ಟೀಚರು ಇನ್ನೂ ಲಿಂಬೆಹಣ್ಣಿಗೆ ಗಂಟು ಬಿಗಿಯುತ್ತಿದ್ದರು.

"ಬೆಳಕಾತು! ಹೋ, ಮತ್ತ ಮಸುಕಾತು! ಭಾಳ ದೊಡ್ಡದೈತ್ರಿ ಟೀಚರ, ನಡುವ ಉಬ್ಬೈತಿ. ನಿಧಾನಕ್ಕ ಹೊಂಟೈತಿ... ಮತ್ತ ಹೊಳ್ಳಿ ಬಂತು!"

ಮಕ್ಕಳೆಲ್ಲ ಅಣ್ಣನ ನೋಟ ಹಿಡಿದು ತಿರುಗಿದರು. ಅವನು ನೋಡುತ್ತಿದ್ದದ್ದು ಬಲ್ಬನ್ನಲ್ಲ, ಬಿಸಿಲು ತುಂಬಿದ ಕಿಟಕಿಯನ್ನು. ಕಿಟಕಿಯ ಆಚೆ ಪಡಸಾಲೆಯಲ್ಲಿ ಹೆಡ್‌ಮಾಸ್ತರರು ಫೋನಿನಲ್ಲಿ ಮಾತಾಡುತ್ತಾ ಅತ್ತಿಂದಿತ್ತ ಅಡ್ಡಾಡುತ್ತಿದ್ದರು. ಊಟ ತಿಂಡಿ ಚೆನ್ನಾಗಿ ಮಾಡಿಕೊಂಡ ದೇಹ. ಕ್ಲಾಸು ಹೋ ಎಂದು ನಕ್ಕಿತು. ಗದ್ದಲ ಕೇಳಿ ಅವರು ಕಿಟಕಿಯೊಳಗೆ ತಲೆ ಹಾಕಿ, "ಏನ್ರೋ ಅದು?" ಎಂದರು.

ಅಣ್ಣ ಬೆಂಚಿನಿಂದ ಅರ್ಧ ಎದ್ದೇಬಿಟ್ಟ. "ಎಲಾ ಇವನ! ಗ್ರಹ ಮಾತಾಡತೈತಲೋ!"

ಮಕ್ಕಳು ಬೆಂಚಿನ ಮೇಲೆ ಉರುಳಾಡಿದರು. ಹೆಡ್‌ಮಾಸ್ತರರೂ ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೇ ಇದ್ದವರು ಟೀಚರು ಒಬ್ಬರೇ. ನಗು ಇಳಿದ ಮೇಲೆ ಅಣ್ಣನ ಪಕ್ಕ ಬಂದು ಕುಳಿತರು.

"ಕಾಕಾರ, ನೀವು ಮಾಡಿದ್ದು ತಪ್ಪಲ್ರಿ. ಬೆಳಕಿಗೆ ಏನೋ ಅಡ್ಡ ಬಂದದ್ದನ್ನ ಕಂಡು ಹೇಳಿದ್ರಿ. ಅವರೂ ಹಂಗ ಮಾಡಿದ್ದು. ಆದ್ರ ಬೆಳಕು ಕಡಿಮಿ ಆತು ಅಂದ ಕೂಡಲೇ ಅವರು ಗ್ರಹ ಅನ್ನಲಿಲ್ಲ. ಮಸುಕು ಅಲ್ಲಿ ಐತೋ, ನಮ್ಮ ದುರ್ಬೀನಿನಾಗ ಐತೋ ಅಂತ ಮೊದಲ ತಮ್ಮ ಕನ್ನಡಿ ತಪಾಸು ಮಾಡಿಕೊಂಡ್ರು. ಅದು ಸ್ವಚ್ಛ ಐತಿ ಅಂತ ಖಾತ್ರಿ ಆದ ಮ್ಯಾಲ ಬಾಯಿ ತೆಗದ್ರು."

ಬ್ಯಾಡಗಿಯಲ್ಲಿ ಬಸ್ಸಿನಿಂದ ಇಳಿಯುವಾಗ ಅಣ್ಣ ಮೆಟ್ಟಿಲಿಗೆ ಕಾಲು ತಡವರಿಸುತ್ತಾ, "ನಾಳೆ ಮುಂಜಾನಿ ಎಷ್ಟಕ್ಕ ಐತಿ ಹಾವೇರಿ ಬಸ್ಸು?" ಎಂದ. ಹನುಮಪ್ಪನನ್ನು ನೆನೆದು, "ಏಳಕ್ಕ" ಎಂದೆ.

ಪಟ್ಟಿ ಬಿಚ್ಚಿದ ಮೇಲೆ

ಬಲಗಣ್ಣಿನ ಆಪರೇಷನ್ ಅರ್ಧ ತಾಸಿನೊಳಗೆ ಮುಗಿಯಿತು. ಹೊರಗೆ ಕುಳಿತ ನನಗೆ ಅದು ಆ ಗ್ರಹದ ಹತ್ತು ವರ್ಷವೆನಿಸಿತು. ಮರುದಿನ ಡಾಕ್ಟರು ಪಟ್ಟಿ ಬಿಚ್ಚಿ, "ಎದುರಿಗೆ ಯಾರದಾರ ಹೇಳ್ರಿ" ಎಂದರು. ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಂಗಿ ನನ್ನ ತಮ್ಮಂದು. ಮಾರಿ ನಮ್ಮಪ್ಪಂದು. ಯಾವಾಗ ಇಷ್ಟು ಮುದುಕಾದ್ಯೋ?"

ಮನೆಗೆ ಬಂದವನೇ ಹೊಸ್ತಿಲಲ್ಲಿ ನಿಂತ. ಗೋಡೆಗೆ ನೀಲಿ ಹಚ್ಚಿದ್ದು ಯಾವಾಗ, ನನ್ನನ್ನು ಯಾಕೆ ಕೇಳಲಿಲ್ಲ ಎಂದು ಅತ್ತಿಗೆಯ ಮೇಲೆ ಹರಿಹಾಯ್ದ. "ಮೂರು ವರ್ಷಾತು," ಎಂದರು ಅತ್ತಿಗೆ. "ಬಣ್ಣ ಆರಿಸಿದಾವ್ರು ನೀವ."

ವಾರ ಕಳೆದು ಒಂದು ಸಂಜೆ, ದೀಪ ಹಚ್ಚುವ ಹೊತ್ತು. ಅಂಗಳದಲ್ಲಿ ಇಬ್ಬರೇ ನಿಂತಿದ್ದೆವು. ಪಡುವಣದಲ್ಲಿ ಎಳೆಯ ಚಂದ್ರ, ಉಗುರಿನ ಚೂರಿನಷ್ಟು. ಅಣ್ಣ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದ. ಕೈ ತೆಗೆದು ನೋಡಿದ. ಮತ್ತೆ ಮುಚ್ಚಿ ನೋಡಿದ. ಅವನ ಗಲ್ಲದ ಮೇಲೆ ನೀರು ಇಳಿಯಿತು. ಸೃಷ್ಟಿಯ ಚೆಲುವು ಕಂಡು ಎದೆ ತುಂಬಿದೆ ಎಂದುಕೊಂಡು ನಾನೂ ಚಂದ್ರನಿಗೆ ಕೈಮುಗಿದೆ.

"ಒಂದ ಐತಲ್ಲೋ!" ಎಂದ.

"ಏನಣ್ಣ?"

"ಚಂದ್ರ."

"ಮತ್ತ ಎಷ್ಟಿರಬೇಕಾಗಿತ್ತು?"

"ಮೂರು. ಎರಡು ವರ್ಷಾತು, ಮೂರು ಕಾಣತಿದ್ವು."

ನಾನು ಹಣೆ ಚಚ್ಚಿಕೊಂಡೆ. "ಅಲ್ಲೋ ಮಾರಾಯಾ, ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ರ ದವಾಖಾನಿಗೆ ಒಯ್ತಿದ್ರಿ," ಎಂದ. ಟವೆಲಿನಿಂದ ಗಲ್ಲ ಒರೆಸಿಕೊಂಡು ಇನ್ನೊಮ್ಮೆ ಮೇಲೆ ನೋಡಿದ. ಆಮೇಲೆ ಬಹಳ ನೊಂದ ಧ್ವನಿಯಲ್ಲಿ ಹೇಳಿದ: "ನೋಡು ತಮ್ಮಾ, ಅವರು ಒಂದ ಒಂದು ಗ್ರಹ ಕಂಡು ಜಗತ್ತಿಗೆಲ್ಲಾ ಡಂಗುರ ಹೊಡದ್ರು. ನಾನು ಎರಡು ಹೊಸಾ ಚಂದ್ರ ಕಂಡೂ ಎರಡು ವರ್ಷ ಬಾಯಿ ಬಿಡಲಿಲ್ಲ. ದೊಡ್ಡಸ್ತಿಕಿ ಯಾರದು, ನೀನ ಹೇಳು!"

ಓದಿದವರು ಇದನ್ನು ಇಲ್ಲಿಗೇ ಬಿಡಬೇಡಿ. ನಿಮ್ಮ ಓಣಿಯಲ್ಲಿ ಹೆಚ್ಚಿನ ಚಂದ್ರರನ್ನು ಬಚ್ಚಿಟ್ಟುಕೊಂಡು ಸುಮ್ಮನೆ ಕುಳಿತ ಹಿರಿಯರು ಒಬ್ಬಿಬ್ಬರಾದರೂ ಇರುತ್ತಾರೆ. ಪಕ್ಕದಲ್ಲಿ ಕುಳಿತು ಅವರಿಗೆ ಈ ಕಥೆ ಹೇಳಿರಿ. ಅವರೂ ಇನ್ನೊಬ್ಬರಿಗೆ ಹೇಳಲಿ.